ಹೆಬ್ಬಾತಿನ ಹೊಟ್ಟೆಗೆ ಹುಳಿ ಸೇಬು

ನವೆಂಬರ್ 11 ಹತ್ತಿರ ಬಂತೆಂದರೆ ಜರ್ಮನಿಯ ಊರೂರಿನ ಹೋಟೆಲುಗಳ ಮುಂದೆ ಹೆಬ್ಬಾತಿನ ಊಟದ ಬೋರ್ಡು ಬೀಳುತ್ತದೆ. ಅದು ಸಂತ ಮಾರ್ಟಿನ್ ಹಬ್ಬ. ಜನ ತನ್ನನ್ನು ಬಿಷಪ್ ಮಾಡಹೊರಟಾಗ ಒಲ್ಲೆನೆಂದು ಮಾರ್ಟಿನ್ ಹೆಬ್ಬಾತುಗಳ ನಡುವೆ ಅಡಗಿ ಕೂತನಂತೆ, ಅವು ಗದ್ದಲವೆಬ್ಬಿಸಿ ಅವನನ್ನು ಹಿಡಿದುಕೊಟ್ಟವಂತೆ. ಕತೆ ಚೆನ್ನಾಗಿದೆ. ಆದರೆ ಹಬ್ಬಕ್ಕೂ ಹಕ್ಕಿಗೂ ಗಂಟು ಹಾಕಿದ್ದು ಬೇಸಾಯವೇ ಎಂದು ನನ್ನ ನಂಬಿಕೆ. ಹೆಬ್ಬಾತು ಕೋಳಿಯ ಹಾಗೆ ವರ್ಷವಿಡೀ ಮೊಟ್ಟೆ ಇಡುವುದಿಲ್ಲ. ವಸಂತದಲ್ಲಿ ಮರಿಯಾಗಿ, ಬೇಸಿಗೆಯಿಡೀ ಹುಲ್ಲು ಮೇಯ್ದು, ಕೊಯ್ಲಾದ ಹೊಲದಲ್ಲಿ ಉದುರಿದ ಕಾಳು ಹೆಕ್ಕಿ, ಚಳಿ ಶುರುವಾಗುವ ಹೊತ್ತಿಗೆ ಮೈತುಂಬ ನೆಣ ಕಟ್ಟಿಕೊಳ್ಳುತ್ತದೆ. ಹಿಂದೆ ಒಕ್ಕಲುಗಳು ಧಣಿಗೆ ಗೇಣಿ ತೀರಿಸುತ್ತಿದ್ದುದೂ ಅದೇ ದಿನ. ಆಮೇಲೆ ಕ್ರಿಸ್ಮಸ್‌ವರೆಗೆ ಉಪವಾಸದ ಕಾಲ. ಒಮ್ಮೆ ಚೆನ್ನಾಗಿ ಉಣ್ಣಲು ಇದಕ್ಕಿಂತ ಒಳ್ಳೆಯ ಮುಹೂರ್ತ ಎಲ್ಲಿ ಸಿಕ್ಕೀತು?

ಈ ಅಡುಗೆಯಲ್ಲಿ ನೆನಪಿಡಬೇಕಾದ್ದು ನೆಣ. ನೀರುಹಕ್ಕಿಯಾದ್ದರಿಂದ ಚರ್ಮದ ಕೆಳಗೆ ದಪ್ಪ ಪದರವೇ ಇರುತ್ತದೆ. ಐದು ಕಿಲೋ ಹಕ್ಕಿ ಬೇಯುವಾಗ ಅರ್ಧ ಲೀಟರಿಗೂ ಹೆಚ್ಚು ಕೊಬ್ಬು ಇಳಿಯುವುದುಂಟು. ಅದನ್ನು ಹೊರಗೆ ಹರಿಯಬಿಡಬೇಕು, ಒಳಗೆ ಉಳಿದದ್ದಕ್ಕೆ ಹುಳಿ ತಾಕಿಸಬೇಕು. ಹೂರಣ ಬರುವುದು ಈ ಎರಡನೆಯ ಕೆಲಸಕ್ಕೆ. ಬ್ರೆಡ್ಡಿನ ತುಣುಕು ತುಂಬಿದರೆ ಅದು ಇಳಿದ ಕೊಬ್ಬನ್ನೆಲ್ಲ ಹೀರಿ ಭಾರವಾಗುತ್ತದೆ. ಎರಡು ಚಮಚ ತಿನ್ನುವಷ್ಟರಲ್ಲಿ ಸಾಕೆನಿಸುತ್ತದೆ. ಬ್ರೆಡ್ಡು ಬೇಕೇ ಬೇಕೆನ್ನುವವರು ಬೇರೆ ಪಾತ್ರೆಯಲ್ಲಿ ಬೇಯಿಸಿಕೊಳ್ಳಲಿ. ಹೊಟ್ಟೆಯೊಳಕ್ಕೆ ಸೇಬು, ಈರುಳ್ಳಿ, ಬೇಯಿಸಿದ ಚೆಸ್ಟ್‌ನಟ್ ಇಷ್ಟೇ ಹೋಗಬೇಕು. ಸೇಬು ಬೋಸ್ಕೂಪ್ ತಳಿಯದಾದರೆ ಉತ್ತಮ. ಒರಟು ಸಿಪ್ಪೆಯ, ಹಲ್ಲು ಜುಮ್ಮೆನ್ನಿಸುವ ಹುಳಿಯ ಹಣ್ಣು ಅದು. ಸಿಹಿ ಸೇಬು ಇಲ್ಲಿ ದಂಡ.

ಇದರ ಜೊತೆಗೊಂದು ಸೊಪ್ಪು ಸೇರುತ್ತದೆ, ನಮ್ಮವರಿಗೆ ಅದರ ಪರಿಚಯ ಹಳೆಯದು. ಜರ್ಮನರು ಬೈಫೂಸ್ ಅನ್ನುವ ಈ ಗಿಡ ನಮ್ಮ ದವನ, ಮಾಚಿಪತ್ರೆಗಳ ಕುಲಕ್ಕೇ ಸೇರಿದ್ದು. ನಾವು ಗಣಪತಿಗೆ ಏರಿಸುವ ಪತ್ರೆಯ ಹತ್ತಿರದ ನೆಂಟನನ್ನು ಅವರು ಹೆಬ್ಬಾತಿನ ಹೊಟ್ಟೆಗೆ ಇಡುತ್ತಾರೆ. ಹೂ ಅರಳುವ ಮುಂಚಿನ ಮೊಗ್ಗಿನ ಕುಡಿಯನ್ನೇ ಆರಿಸಬೇಕು, ಅರಳಿದ ಮೇಲೆ ಕಹಿ ಏರುತ್ತದೆ. ಅದರ ಹಿತವಾದ ಕಹಿ ಜಿಡ್ಡನ್ನು ಮುರಿಯುವ ರೀತಿ ಬೇರಾವ ಸೊಪ್ಪಿಗೂ ಬಾರದು. ಇಂಗ್ಲೆಂಡಿನವರು ಇದೇ ಕೆಲಸಕ್ಕೆ ಸೇಜ್ ಸೊಪ್ಪು, ಈರುಳ್ಳಿ ಬಳಸುತ್ತಾರೆ. ಡಿಕನ್ಸ್ 1843ರಲ್ಲಿ ಬರೆದ ಕ್ರಿಸ್ಮಸ್ ಕತೆಯಲ್ಲಿ ಬಡ ಕ್ರ್ಯಾಚಿಟ್ ಸಂಸಾರದ ಹೆಬ್ಬಾತಿಗೆ ತುಂಬಿದ್ದೂ ಅದನ್ನೇ. ಅವರ ಹಕ್ಕಿ ಬೆಂದದ್ದು ಬೇಕರಿಯವನ ಒಲೆಯಲ್ಲಿ. ರುಚಿಯ ಮಾತು ಬಂದರೆ ನಾನು ಜರ್ಮನರ ಕಡೆ.

ಹಿಂದಿನ ರಾತ್ರಿಯೇ ಹಕ್ಕಿಯನ್ನು ಒರೆಸಿ, ಒಳಗೂ ಹೊರಗೂ ಉಪ್ಪು ಸವರಿ, ಮುಚ್ಚದೆ ಫ್ರಿಜ್ಜಿನಲ್ಲಿಡಿ. ಚರ್ಮ ಒಣಗಿದಷ್ಟೂ ಗರಿಗರಿ. ಹೊಟ್ಟೆಯೊಳಗಿನ ಕೊಬ್ಬಿನ ಗಡ್ಡೆಗಳನ್ನು ಕೈಯಿಂದಲೇ ಕಿತ್ತು ಬೇರೆ ಇಟ್ಟುಕೊಳ್ಳಿ. ಈಗ ನಾಜೂಕಿನ ಕೆಲಸ. ದಪ್ಪ ಸೂಜಿಯನ್ನು ಓರೆಯಾಗಿ, ಹೆಚ್ಚುಕಡಿಮೆ ಚರ್ಮಕ್ಕೆ ಒರಗಿಸಿದಂತೆ ಹಿಡಿದು ತೊಡೆಯ ಸಂದಿ, ರೆಕ್ಕೆಯ ಬುಡ, ಎದೆಯ ಕೆಳಭಾಗದಲ್ಲಿ ಚುಚ್ಚುತ್ತ ಹೋಗಬೇಕು. ಸೂಜಿ ನೆಣದಲ್ಲಿ ಸಲೀಸಾಗಿ ಜಾರುತ್ತದೆ, ಮಾಂಸ ಮುಟ್ಟಿದೊಡನೆ ತಡೆಯುತ್ತದೆ. ಆ ತಡೆ ಬೆರಳಿಗೆ ಗೊತ್ತಾಗಬೇಕು, ಅಲ್ಲೇ ನಿಲ್ಲಿಸಬೇಕು. ಮಾಂಸಕ್ಕೆ ತೂತಾದರೆ ರಸವೆಲ್ಲ ಸೋರಿ ಎದೆ ನಾರಾಗುತ್ತದೆ.

ಒಲೆಗಿಡುವ ಮುಂಚೆ ಹೂರಣವನ್ನು ಮುಕ್ಕಾಲು ಹೊಟ್ಟೆಗಷ್ಟೇ ತುಂಬಿ. ಎಣ್ಣೆಗಾಯಿ ಬದನೆಗೆ ಮಸಾಲೆ ಒತ್ತುವಂತೆ ಒತ್ತಿದರೆ ಬಿಸಿ ನಡುವಿಗೆ ತಲುಪದೆ ಹಸಿ ಉಳಿಯುತ್ತದೆ. ಬಾಯಿ ಹೊಲಿದು ಕಾಲು ಕಟ್ಟಿ, ಎದೆ ಕೆಳಗಾಗಿ ಟ್ರೇಗಿಟ್ಟು, ಒಂದು ಲೋಟ ನೀರು ಹಾಕಿ 160 ಡಿಗ್ರಿಯ ಓವನ್ನಿಗೆ ಸೇರಿಸಿ. ಒಂದು ಗಂಟೆಯ ಮೇಲೆ ಮಗುಚಿ. ಐದು ಕಿಲೋ ಹಕ್ಕಿಗೆ ಒಟ್ಟು ನಾಲ್ಕು ಗಂಟೆ ಹಿಡಿಯುತ್ತದೆ. ನಡುನಡುವೆ ಕೊಬ್ಬನ್ನು ಸೌಟಿನಿಂದ ಎತ್ತುತ್ತಿರಿ, ಚೆಲ್ಲಬೇಡಿ. ಕೊನೆಯ ಕಾಲು ಗಂಟೆ ಉಪ್ಪುನೀರು ಸವರಿ 220 ಡಿಗ್ರಿಗೆ ಏರಿಸಿದರೆ ಚರ್ಮ ಕೆಂಪಗೆ ಬಿರುಸಾಗುತ್ತದೆ. ಥರ್ಮಾಮೀಟರಿನ ಕಡ್ಡಿಯನ್ನು ಹೂರಣದ ನಟ್ಟನಡುವೆಯೂ ಚುಚ್ಚಿ ನೋಡಿ: 74 ಡಿಗ್ರಿ ಮುಟ್ಟದಿದ್ದರೆ ತೆಗೆಯಬೇಡಿ. ಹಕ್ಕಿಯ ರಸ ಕುಡಿದ ಹೂರಣ ಅರೆಬೆಂದರೆ ಅಪಾಯ. ಇಳಿಸಿದ ಮೇಲೆ ಇಪ್ಪತ್ತು ನಿಮಿಷ ಹಾಗೇ ಬಿಡಬೇಕು. ಅತಿಥಿಗಳು ಎಷ್ಟೇ ಅವಸರ ಮಾಡಲಿ, ಕತ್ತಿ ಎತ್ತಬೇಡಿ.

ಜೊತೆಗೆ ವಿನೆಗರ್, ಲವಂಗ, ಸೇಬು ಹಾಕಿ ಬೇಯಿಸಿದ ಕೆಂಪು ಎಲೆಕೋಸು, ಆಲೂಗಡ್ಡೆಯ ದೊಡ್ಡ ಉಂಡೆ, ಕತ್ತು ಮತ್ತು ರೆಕ್ಕೆತುದಿಯನ್ನು ಹುರಿದು ಕುದಿಸಿದ ಸಾರು. ಆರು ಜನರಿಗೆ ಐದು ಕಿಲೋ ಸರಿಹೋಗುತ್ತದೆ. ಹೆಬ್ಬಾತಿನಲ್ಲಿ ಮೂಳೆ ಹೆಚ್ಚು, ಮಾಂಸ ಕಡಿಮೆ, ಕೋಳಿಯ ಲೆಕ್ಕದಲ್ಲಿ ಕೊಂಡರೆ ಮೂರು ಜನ ಹಸಿದೇ ಏಳುತ್ತಾರೆ.

ಮ್ಯೂನಿಕ್, ಸ್ಟುಟ್‌ಗಾರ್ಟ್ ಕಡೆ ಇರುವ ನಮ್ಮವರಿಗೆ ಒಂದು ಮಾತು. ಅಂಗಡಿಗಳಲ್ಲಿ ಸಿಗುವುದು ಬಹುಪಾಲು ಪೋಲೆಂಡ್, ಹಂಗೇರಿಗಳಿಂದ ಬಂದ ಫ್ರೋಜನ್ ಹಕ್ಕಿ. ಪೋಲೆಂಡಿನಲ್ಲಿ ಓಟ್ಸ್ ತಿನ್ನಿಸಿ ಬೆಳೆಸಿದ್ದು ನಿಜಕ್ಕೂ ಒಳ್ಳೆಯದೇ, ಆದರೆ ಫ್ರಿಜ್ಜಿನಲ್ಲಿ ಕರಗಲು ಎರಡು ದಿನ ಮೊದಲೇ ಇಟ್ಟಿರಬೇಕು. ತಾಜಾ ಬೇಕೆಂದರೆ ಮಾಂಸದಂಗಡಿಯವರಿಗೆ ಅಕ್ಟೋಬರಿನಲ್ಲೇ ಹೇಳಿಡಿ. ಎತ್ತಿಟ್ಟ ಕೊಬ್ಬನ್ನು ಸೋಸಿ ಗಾಜಿನ ಜಾಡಿಗೆ ಹಾಕಿದರೆ ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಆಲೂಗಡ್ಡೆ ಹುರಿಯಲು ಅದಕ್ಕೆ ಸಮನಾದ ಜಿಡ್ಡು ನನಗಂತೂ ಸಿಕ್ಕಿಲ್ಲ. ಈರುಳ್ಳಿ, ಸೇಬಿನ ಚೂರು ಹುರಿದು ಬೆರೆಸಿದರೆ ರೈ ಬ್ರೆಡ್ಡಿಗೆ ಹಚ್ಚಿ ತಿನ್ನಲೂ ಆಗುತ್ತದೆ, ಮೇಲಿಷ್ಟು ಉಪ್ಪು ಉದುರಿಸಿಕೊಳ್ಳಿ.