ಗಾಜಿನ ಛತ್ರ

ಸಿನಿಮಾ ನೋಡಿ ಬಂದವರು ವಿಮರ್ಶೆ ಮಾಡುತ್ತಾರೆ. ಪುಸ್ತಕ ಓದಿದವರು ಮಾಡುತ್ತಾರೆ. ಮದುವೆಯ ಊಟ ಮುಗಿಸಿ ಕೈ ತೊಳೆಯುವ ಮೊದಲೇ ಸಾರಿನ ವಿಮರ್ಶೆ ಶುರುವಾಗಿರುತ್ತದೆ. ಆದರೆ ದೊಡ್ಡ ಹೋಟೆಲಿನಲ್ಲಿ ಇದ್ದು ಬಂದವರು ಮಾತ್ರ ‘ಬಹಳ ಚೆನ್ನಾಗಿತ್ತು’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಅಷ್ಟು ದುಡ್ಡು ತೆತ್ತ ಮೇಲೆ ಚೆನ್ನಾಗಿರಲೇಬೇಕಲ್ಲ! ಬೇರೆಯವರು ದುಡ್ಡು ತೆತ್ತಿದ್ದರಂತೂ ಕೊಂಕು ತೆಗೆಯುವುದು ಮರ್ಯಾದೆಯೂ ಅಲ್ಲ. ಆದರೂ ಕಟ್ಟಡವೊಂದು ತನ್ನೊಳಗೆ ಇದ್ದವರಿಗೆ ಏನನ್ನೋ ಹೇಳುತ್ತಿರುತ್ತದೆ. ಕವಿತೆಯನ್ನು ಓದುವಷ್ಟೇ ಗಮನದಿಂದ ಅದನ್ನೂ ಓದಬಹುದು ಎಂದು ನನ್ನ ನಂಬಿಕೆ.

ನಾನು ಓದಿದ್ದು ಬೆಂಗಳೂರಿನ ವೈಟ್‌ಫೀಲ್ಡಿನ ಒಂದು ಹೋಟೆಲನ್ನು. ತಂಗಿಯ ಮಗನ ಆರತಕ್ಷತೆ ಅಲ್ಲಿತ್ತು. ಬೀಗರೇ ಎರಡು ರಾತ್ರಿಗೆ ರೂಮು ಗೊತ್ತುಮಾಡಿದ್ದರು. ಹೋಟೆಲಿನ ಹೆಸರು ಬೇಡ. ಆ ರಸ್ತೆಯ ಹತ್ತು ಹೋಟೆಲುಗಳನ್ನು ಸಾಲಾಗಿ ನಿಲ್ಲಿಸಿದರೆ ಅವನ್ನು ಹೆತ್ತವರಿಗೂ ಗುರುತು ಸಿಗಲಾರದು.

ವೈಟ್‌ಫೀಲ್ಡ್ ಎಂಬುದು ಹಳೆಯ ಊರು. 1882ರಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಜನರ ಒಕ್ಕಲಿಗೆಂದು ಹುಟ್ಟಿದ್ದು. ಮೈಸೂರಿನ ಮಹಾರಾಜರಾದ ಹತ್ತನೆಯ ಚಾಮರಾಜೇಂದ್ರ ಒಡೆಯರು ಇದಕ್ಕಾಗಿ ಸುಮಾರು 3,900 ಎಕರೆ ಜಮೀನು ಕೊಟ್ಟರು. ಡಿ. ಎಸ್. ವೈಟ್ ಎಂಬವರು ಅವರ ಸಂಘದ ಮುಂದಾಳು. ಊರಿಗೆ ಅವರದೇ ಹೆಸರು. ಬೇಸಾಯ ಮಾಡಿಕೊಂಡು ಬದುಕಬೇಕೆಂದು ಬಂದವರು ಅವರು. ಹೆಂಚಿನ ಮನೆ, ಮಾವಿನ ತೋಪು, ಇಗರ್ಜಿ, ದಾರಿಹೋಕರಿಗೆಂದು ವೇವರ್ಲಿ ಇನ್ ಎಂಬ ಒಂದು ಚಿಕ್ಕ ತಂಗುಮನೆ. ಮುಂದೆ ನೂರು ವರ್ಷ ಊರು ಹೆಚ್ಚು ಕಡಿಮೆ ಹಾಗೆಯೇ ಇತ್ತು. ಪಕ್ಕದ ಕಾಡುಗೋಡಿಯ ಸಾಯಿಬಾಬಾ ಆಶ್ರಮಕ್ಕೆ ಬರುವವರು ಬಿಟ್ಟರೆ ಹೊರಗಿನವರ ಸುಳಿವು ಕಡಿಮೆ. 1990ರ ದಶಕದಲ್ಲಿ ಸಿಂಗಪುರದ ಸಹಭಾಗಿತ್ವದಲ್ಲಿ ಐ.ಟಿ. ಪಾರ್ಕು ಎದ್ದಿತು. ಅದರ ಹಿಂದೆಯೇ ಕಚೇರಿಗಳು, ಅಪಾರ್ಟ್‌ಮೆಂಟುಗಳು, ಮಾಲುಗಳು, ಆಸ್ಪತ್ರೆಗಳು ಬಂದವು. ಮೆಟ್ರೊ ಮಾತ್ರ ಇವೆಲ್ಲ ಬಂದು ಎಷ್ಟೋ ಕಾಲದ ಮೇಲೆ, 2023ರಲ್ಲಿ, ಬಂದಿತು. ಬೇಸಾಯಕ್ಕೆಂದು ಕೊಟ್ಟ ಸೀಮೆಯಲ್ಲಿ ಈಗ ಬೆಳೆಯುತ್ತಿರುವುದು ಗಾಜಿನ ಬೆಳೆ.

ಈ ಹೋಟೆಲುಗಳು ಊರು ನೋಡಲು ಬರುವವರಿಗಾಗಿ ಕಟ್ಟಿದವಲ್ಲ. ಸೋಮವಾರ ಬಂದು ಗುರುವಾರ ಹೊರಡುವ ಕಂಪನಿ ಜನರಿಗಾಗಿ ಕಟ್ಟಿದವು. ಆದ್ದರಿಂದಲೇ ರೂಮಿನಲ್ಲಿ ದೇವರ ಪಟವಿಡಲು ಒಂದು ಗೂಡಿಲ್ಲದಿದ್ದರೂ ಲ್ಯಾಪ್‌ಟಾಪ್ ಇಡಲು ದೊಡ್ಡ ಮೇಜಿದೆ. ಶನಿವಾರ, ಭಾನುವಾರ ಕಂಪನಿಯವರು ಇರುವುದಿಲ್ಲ, ಬಾಡಿಗೆ ಇಳಿಯುತ್ತದೆ. ಆಗ ನಮ್ಮಂಥವರ ಮದುವೆ, ಆರತಕ್ಷತೆಗಳಿಗೆ ಜಾಗ ಸಿಗುತ್ತದೆ. ವಾರದ ದಿನಗಳ ಮಾಲೀಕರು ಬೇರೆ, ನಾವು ವಾರಾಂತ್ಯದ ಒಕ್ಕಲು.

ಈ ಕಟ್ಟಡದ ಮೇಲೆ ನನ್ನ ಮೊದಲ ಆಕ್ಷೇಪ ಕಿಟಕಿಯದು. ಗೋಡೆಗೆ ಗೋಡೆಯೇ ಗಾಜು, ಆದರೆ ತೆರೆಯುವುದಕ್ಕೆ ಒಂದು ಚಿಲಕವಿಲ್ಲ. ಬೆಂಗಳೂರಿಗೆ ಹೆಸರು ಬಂದದ್ದೇ ಅದರ ತಂಪು ಗಾಳಿಯಿಂದ. ಆ ಗಾಳಿಯನ್ನು ಹೊರಗೆ ತಡೆದು, ಗಾಜಿನಿಂದ ಬಿಸಿಲನ್ನು ಒಳಗೆ ಬಿಟ್ಟುಕೊಂಡು, ಆಮೇಲೆ ಕರೆಂಟು ಸುಟ್ಟು ತಣ್ಣಗೆ ಮಾಡಿಕೊಳ್ಳುವ ಜಾಣತನ ನನ್ನ ಬುದ್ಧಿಗೆ ಎಟುಕಲಿಲ್ಲ. ದುಬೈಯಲ್ಲಿದ್ದರೂ ಇದೇ ರೂಮು, ಸಿಂಗಪುರದಲ್ಲಿದ್ದರೂ ಇದೇ ರೂಮು. ಬೆಳಗಿನ ಜಾವ ಎಚ್ಚರವಾದವರಿಗೆ ತಾವು ಯಾವ ಊರಿನಲ್ಲಿದ್ದೇವೆ ಎನ್ನುವುದು ಗೊತ್ತಾಗಬಾರದು ಎಂದೇ ಇದನ್ನು ಕಟ್ಟಿದಂತಿದೆ.

ಎರಡನೆಯದು ಬಚ್ಚಲು. ಮಲಗುವ ಕೋಣೆಗೂ ಬಚ್ಚಲಿಗೂ ನಡುವೆ ಇರುವುದು ಗಾಜಿನ ಗೋಡೆ. ಒಂದು ಪರದೆ ಇದೆ, ಅದರ ಗುಂಡಿ ಎಲ್ಲಿದೆಯೆಂದು ಹುಡುಕಬೇಕು. ಅಕ್ಕ ತಂಗಿಯರು, ತಾಯಿ ಮಗಳು ಒಂದೇ ರೂಮಿನಲ್ಲಿ ಉಳಿಯುತ್ತಾರೆ ಎಂಬ ಯೋಚನೆಯೇ ಇದನ್ನು ಮಾಡಿದವರಿಗೆ ಬಂದಿಲ್ಲ. ಒಳಗೆ ದೊಡ್ಡ ಟಬ್ಬು. ತುಂಬಿಸಿದರೆ ನೂರೈವತ್ತು ಲೀಟರಿಗೆ ಕಡಿಮೆಯಿಲ್ಲ. ಪಕ್ಕದಲ್ಲೇ ಒಂದು ಚೀಟಿ: ಭೂಮಿಯನ್ನು ಉಳಿಸಲು ನಿಮ್ಮ ಟವೆಲನ್ನು ಇನ್ನೊಂದು ದಿನ ಬಳಸಿ ಎಂದು. 2024ರ ಬೇಸಿಗೆಯಲ್ಲಿ ಇದೇ ವೈಟ್‌ಫೀಲ್ಡಿನ ಸುತ್ತಮುತ್ತ ಬೋರ್‌ವೆಲ್ ಬತ್ತಿ ಜನ ಟ್ಯಾಂಕರಿನ ದಾರಿ ಕಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ನಗರದ ಹೊರವಲಯದ 110 ಹಳ್ಳಿಗಳಿಗೆಂದು ಕಾವೇರಿ ಐದನೆಯ ಹಂತದ ನೀರು ಬಿಟ್ಟರು. ಅಂಥ ಕಡೆ ಟಬ್ಬನ್ನು ಇಟ್ಟವರು ಅತಿಥಿಗೆ ಟವೆಲಿನ ಪಾಠ ಹೇಳುತ್ತಾರೆ. ಒಂದು ಬಕೆಟ್ಟು, ಒಂದು ಚೊಂಬು ಇಟ್ಟಿದ್ದರೆ ಆ ಚೀಟಿಯೇ ಬೇಕಾಗಿರಲಿಲ್ಲ. ಫೋನು ಮಾಡಿ ಕೇಳಿದಾಗ ಬಕೆಟ್ಟನ್ನು ತಂದುಕೊಟ್ಟರೆನ್ನಿ. ಕೇಳಿದವರಿಗೆ ಮಾತ್ರ ಕೊಡುತ್ತಾರಂತೆ.

ತಿಂಡಿಯ ವಿಷಯದಲ್ಲಿ ನನ್ನ ತೀರ್ಪು ಅರ್ಧ ಪರ, ಅರ್ಧ ವಿರೋಧ. ಉದ್ದಕ್ಕೆ ಜೋಡಿಸಿಟ್ಟ ಹಣ್ಣು, ರೊಟ್ಟಿ, ಮೊಸರು, ಮೊಟ್ಟೆ. ನಡುವೆ ಬೆಳ್ಳಿ ನಾಣ್ಯದಷ್ಟು ಇಡ್ಲಿ. ಕಾಫಿ ಮಷೀನಿನದು, ಡಿಕಾಕ್ಷನ್ನಿನ ಸುದ್ದಿಯಿಲ್ಲ. ಆದರೆ ಮೂಲೆಯ ಕಾವಲಿಯ ಮುಂದೆ ನಿಂತಿದ್ದ ಒಡಿಶಾದ ಹುಡುಗ ಹುಯ್ದ ದೋಸೆ ಮಾತ್ರ ಒಳ್ಳೆಯ ಹದದ್ದು: ಅಂಚು ಗರಿಗರಿ, ನಡು ಮೆತ್ತಗೆ. ‘ಯಾರು ಕಲಿಸಿದರಪ್ಪ?’ ಎಂದು ನನಗೆ ಬರುವ ಹಿಂದಿಯಲ್ಲಿ ಕೇಳಿದೆ. ಶಿವಮೊಗ್ಗದ ಕಡೆಯ ಒಬ್ಬ ಹಿರಿಯ ಅಡುಗೆಯವರು ಎಂದ. ನಮ್ಮ ರುಚಿ ಹಾಗೆ ಕೈಯಿಂದ ಕೈಗೆ ದಾಟುತ್ತಿದೆ. ಅದಕ್ಕೆ ನಾನು ಸಂತೋಷಪಟ್ಟೆ. ಬೇಸರವಾದದ್ದು ತಟ್ಟೆಗಳನ್ನು ನೋಡಿ. ಎಷ್ಟು ಬೇಕಾದರೂ ಬಡಿಸಿಕೊಳ್ಳಬಹುದು ಎಂದ ಕೂಡಲೇ ಓದಿದವರೂ ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಾರೆ.

ಭಾಷೆಯ ಬಗ್ಗೆ ಒಂದು ಮಾತು. ನಾಮಫಲಕದಲ್ಲಿ ಶೇಕಡ 60 ಭಾಗ ಕನ್ನಡವಿರಬೇಕು ಎಂದು 2024ರಲ್ಲಿ ತಿದ್ದುಪಡಿ ಕಾಯಿದೆ ಬಂದಿತು. ಅದರಂತೆ ಹೊರಗೆ ದೊಡ್ಡದಾಗಿ ಕನ್ನಡದ ಬೋರ್ಡು ಇದೆ. ಗಾಜಿನ ಬಾಗಿಲು ದಾಟಿದರೆ ಕನ್ನಡ ಮುಗಿಯಿತು. ರೂಮಿನ ಕೈಪಿಡಿಯಲ್ಲಿ ಇಲ್ಲ, ಊಟದ ಪಟ್ಟಿಯಲ್ಲಿ ಇಲ್ಲ, ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕೆಂದು ಬಾಗಿಲ ಹಿಂದೆ ಅಂಟಿಸಿದ ನಕ್ಷೆಯಲ್ಲಿಯೂ ಇಲ್ಲ. ಮೊದಲಿನ ಎರಡನ್ನು ಅಭಿಮಾನದ ಪ್ರಶ್ನೆ ಎಂದು ತಳ್ಳಿಹಾಕಬಹುದು. ಮೂರನೆಯದು ಪ್ರಾಣದ ಪ್ರಶ್ನೆ. ಆರತಕ್ಷತೆಗೆ ಬಂದಿದ್ದ ನಮ್ಮ ದೊಡ್ಡಮ್ಮನಿಗೆ ಎಂಬತ್ತು ದಾಟಿದೆ, ಕನ್ನಡ ಬಿಟ್ಟು ಬೇರೆ ಓದಲು ಬಾರದು. ಅಂಥವರು ತಮ್ಮ ಬಾಗಿಲೊಳಗೆ ಬಂದಾರೆಂದು ಹೋಟೆಲಿನವರು ಎಣಿಸಿಯೇ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಕಡೆಯನ್ನೂ ಹೇಳಬೇಕು. ಹೆಂಗಸಾಗಿ ಓದಿದರೆ ಈ ಕಟ್ಟಡದ ಅರ್ಥ ಬೇರೆಯಾಗುತ್ತದೆ.

ನಾವು ಹೆಂಗಸರು ಆತಿಥ್ಯ ಮಾಡುವವರು, ಅತಿಥಿಗಳಾಗುವುದು ಅಪರೂಪ. ನೆಂಟರ ಮನೆಗೆ ಹೋದರೆ ಕಾಫಿ ಕುಡಿದು ಕಾಲು ಗಂಟೆಯೊಳಗೆ ಅಡುಗೆಮನೆಗೆ ನುಗ್ಗಿ ‘ಏನು ಹೆಚ್ಚಿಕೊಡಲಿ?’ ಎನ್ನಬೇಕು. ಹಾಗೆನ್ನದಿದ್ದರೆ ಮಾತು ಬರುತ್ತದೆ. ಹಿಂದೆ ಯಾತ್ರೆಗೆ ಹೋದವರಿಗೆ ಛತ್ರಗಳಿದ್ದವು. ಬೆಂಗಳೂರಿನ ರೈಲ್ವೆ ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರ 1903ರಲ್ಲಿ ಬಾಗಿಲು ತೆರೆಯಿತು. ಎಷ್ಟು ಸಾವಿರ ಜನ ಅಲ್ಲಿ ತಲೆಯೂರಿ ಹೋಗಿದ್ದಾರೋ. ಅದು ದೊಡ್ಡ ಮನಸ್ಸಿನ ಕೆಲಸ. ಆದರೂ ಛತ್ರಕ್ಕೆ ಹೋಗುತ್ತಿದ್ದದ್ದು ಸಂಸಾರ. ಸಂಸಾರದ ಜೊತೆಗೆ ಅಡುಗೆಯ ಪಾತ್ರೆಗಳೂ, ಅವನ್ನು ಬೆಳಗುವ ಕೈಗಳೂ ಹೋಗುತ್ತಿದ್ದವು. ಬೆಳಿಗ್ಗೆ ಎದ್ದು ಹಾಲಿನ ಚಿಂತೆಯಿಲ್ಲದೆ, ನೆನೆಹಾಕಿದ ಬೇಳೆಯ ಚಿಂತೆಯಿಲ್ಲದೆ, ಸುಮ್ಮನೆ ಒಂದು ಗಂಟೆ ಮಲಗಿದ್ದೆ ಎಂದರೆ ಅದು ಸಣ್ಣ ಸುಖವಲ್ಲ. ಆ ಸುಖವನ್ನು ಕೊಟ್ಟದ್ದು ಈ ಗಾಜಿನ ಕಟ್ಟಡವೇ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಮೊದಲ ದಿನ ನಾನು ಒಬ್ಬಳೇ ಹೋದೆ. ನಾದಿನಿ ಮರುದಿನ ಬರುವವಳಿದ್ದಳು. ಕೌಂಟರಿನ ಹುಡುಗಿ ಆಧಾರ್ ಕಾರ್ಡು ನೋಡಿ, ನಕ್ಕು, ಕೀಲಿಯ ಕಾರ್ಡು ಕೊಟ್ಟಳು. ಯಜಮಾನರು ಎಲ್ಲಿ, ಒಬ್ಬರೇ ಯಾಕೆ ಬಂದಿರಿ, ಯಾರನ್ನು ನೋಡಲು ಬಂದಿರಿ, ಒಂದೂ ಕೇಳಲಿಲ್ಲ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆಂದು ಪರ ಊರಿಗೆ ಹೋದಾಗ ನಾವು ಉಪಾಧ್ಯಾಯಿನಿಯರು ಪಟ್ಟ ಪಾಡನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಒಂದು ಊರಿನ ಲಾಡ್ಜಿನಲ್ಲಿ ‘ಒಂಟಿ ಲೇಡೀಸ್‌ಗೆ ಕೊಡಲ್ಲ ಮೇಡಂ’ ಎಂದು, ನನ್ನ ಕೈಯಲ್ಲಿದ್ದ ಆದೇಶದ ಪ್ರತಿಯನ್ನು ಓದದೆಯೇ ಹಿಂದಿರುಗಿಸಿದ್ದರು. ಇನ್ನೊಂದರಲ್ಲಿ ರೂಮು ಕೊಟ್ಟರು, ಚಿಲಕ ಇರಲಿಲ್ಲ. ಬಾಗಿಲಿಗೆ ಮೇಜನ್ನು ಅಡ್ಡ ನೂಕಿ ರಾತ್ರಿ ಕಳೆದೆ. ಇಪ್ಪತ್ತೈದು ವರ್ಷ ಪಾಠ ಹೇಳಿದ ಹೆಂಗಸು ತಾನು ಮರ್ಯಾದಸ್ಥಳು ಎಂದು ಯಾವುದೋ ಗಲ್ಲಾಪೆಟ್ಟಿಗೆಯ ಮುಂದೆ ರುಜುವಾತು ಮಾಡಬೇಕಾಗುತ್ತದೆ.

ಹಾಗಾದರೆ ಈ ದೊಡ್ಡ ಹೋಟೆಲು ಹೆಂಗಸನ್ನು ಗೌರವಿಸುತ್ತದೆಯೆ? ಪೂರ್ತಿ ಹೌದೆನ್ನಲಾರೆ. ಅಲ್ಲಿ ಪ್ರಶ್ನೆ ಕೇಳದಿರುವುದು ದುಡ್ಡು ಉತ್ತರ ಹೇಳಿಬಿಟ್ಟಿರುವುದರಿಂದ. ಮಾರನೆಯ ದಿನ ರೂಮು ಗುಡಿಸಲು ಬಂದ ಹೆಂಗಸನ್ನು ಮಾತಾಡಿಸಿದಾಗ ಇದು ಇನ್ನಷ್ಟು ಸ್ಪಷ್ಟವಾಯಿತು. ಅಷ್ಟು ಹೊತ್ತಿಗೆ ನಾದಿನಿ ಬಂದು ಅಭ್ಯಾಸಬಲದಿಂದ ಎರಡೂ ಹಾಸಿಗೆಗಳ ಹೊದಿಕೆಯನ್ನು ಒಪ್ಪವಾಗಿ ಮಡಿಸಿಟ್ಟಿದ್ದಳು. ಆ ಹೆಂಗಸು ನೋಡಿ ನಕ್ಕಳು. ‘ಯಾಕಮ್ಮಾ ಮಡಿಸೋಕೆ ಹೋದ್ರಿ? ನಾನು ಹೆಂಗೂ ಎಲ್ಲಾ ಬಿಚ್ಚಿ ಬೇರೆ ಹಾಕ್ಬೇಕು’ ಎಂದಳು. ಹೊಸಕೋಟೆ ಕಡೆಯವಳು. ದಿನಕ್ಕೆ ಹದಿನಾಲ್ಕು ರೂಮು ಅವಳ ಪಾಲಿಗೆ. ಹಾಸಿಗೆಯ ಭಾರ ಎತ್ತಿ ಎತ್ತಿ ಸೊಂಟ ಹಿಡಿದಿದೆಯಂತೆ. ನಾನು ಒಂದು ಗಂಟೆ ಹೆಚ್ಚು ಮಲಗಿದ್ದೆನಲ್ಲ, ಆ ಸುಖದ ಕೆಲಸ ಮಾಯವಾಗಿರಲಿಲ್ಲ. ಇನ್ನೊಬ್ಬ ಹೆಂಗಸಿನ ಕೈಗೆ ಹೋಗಿತ್ತು, ಅಷ್ಟೆ. ಕೊನೆಯ ಬಸ್ಸು ತಪ್ಪಿ ಅವಳೇ ಒಂದು ರಾತ್ರಿ ಪರ ಊರಿನಲ್ಲಿ ಉಳಿಯಬೇಕಾದರೆ ಯಾವ ಕೌಂಟರು ಅವಳಿಗೆ ನಕ್ಕು ಕೀಲಿ ಕೊಡುತ್ತದೆ?

ಬೆಲೆಯ ಲೆಕ್ಕವನ್ನೂ ನೋಡೋಣ. ದಿನದ ಬಾಡಿಗೆ 7,500 ರೂಪಾಯಿ ದಾಟಿದ ರೂಮಿಗೆ ಜಿ.ಎಸ್.ಟಿ. ಶೇಕಡ 18, ಅಷ್ಟರೊಳಗಿನದಕ್ಕೆ 2025ರ ಸೆಪ್ಟೆಂಬರಿನಿಂದ ಶೇಕಡ 5. ಸರ್ಕಾರವೇ ಹೀಗೆ ಒಂದು ಗೆರೆ ಎಳೆದಿದೆ. ಗೆರೆಯ ಆಚೆ ಹೆಂಗಸಿಗೆ ನಗು, ಬಿಸಿನೀರು, ಭದ್ರವಾದ ಬೀಗ. ಗೆರೆಯ ಈಚೆ ಬಹಳ ಕಡೆ ಪ್ರಶ್ನೆ, ಅನುಮಾನ, ಚಿಲಕವಿಲ್ಲದ ಬಾಗಿಲು. ಈಚೆಯ ಲಾಡ್ಜುಗಳೆಲ್ಲ ಹೀಗೆಂದು ನಾನು ಹೇಳುವುದಿಲ್ಲ, ತಾಯಿಯಂತೆ ನೋಡಿಕೊಂಡ ಕಡೆಯೂ ಇವೆ. ಆದರೆ ಹೊರಡುವ ಮುಂಚೆ ಯಾವುದು ಎಂಥದೆಂದು ಹತ್ತು ಜನರನ್ನು ವಿಚಾರಿಸಬೇಕಾದ ಸ್ಥಿತಿ ಹೆಂಗಸಿಗೇ ಇರುವುದು.

ಆದ್ದರಿಂದ ಗಾಜಿನ ಹೋಟೆಲನ್ನು ನೋಡಿ ಬೆರಗಾಗುವುದೂ ಬೇಡ, ಸಂಸ್ಕೃತಿ ಹಾಳಾಯಿತೆಂದು ಗೊಣಗುವುದೂ ಬೇಡ. ಟಬ್ಬನ್ನೂ ತೆರೆಯದ ಕಿಟಕಿಯನ್ನೂ ಅವರಿಗೇ ಬಿಟ್ಟು, ಅದರಿಂದ ತೆಗೆದುಕೊಳ್ಳಬೇಕಾದ್ದನ್ನು ತೆಗೆದುಕೊಳ್ಳೋಣ. ಗುರುತಿನ ಚೀಟಿ ನೋಡಿ, ಹೆಚ್ಚಿನ ಪ್ರಶ್ನೆ ಕೇಳದೆ ಕೀಲಿ ಕೊಡುವುದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಒಳಗಿನಿಂದ ಹಾಕಿಕೊಳ್ಳುವ ಚಿಲಕಕ್ಕೆ ಹೆಚ್ಚೆಂದರೆ ಇನ್ನೂರು ರೂಪಾಯಿ. ಒಗೆದ ಚಾದರಕ್ಕೆ, ಒಂದು ಬಕೆಟ್ಟು ಬಿಸಿನೀರಿಗೆ ಗಾಜಿನ ಗೋಡೆ ಬೇಕಾಗಿಲ್ಲ. ಕೊಚ್ಚಿಯ ನಗರಪಾಲಿಕೆ ಹೆಂಗಸರಿಗೆಂದೇ ಕಡಿಮೆ ಬಾಡಿಗೆಯ ‘ಷೀ ಲಾಡ್ಜ್’ ತೆರೆದು ತೋರಿಸಿದೆ. ನಮ್ಮ ಜಿಲ್ಲಾ ಕೇಂದ್ರಗಳ ಬಸ್ ನಿಲ್ದಾಣಗಳಲ್ಲಿ ಅಂಗಡಿ ಮಳಿಗೆಗಳನ್ನು ಕಟ್ಟಿ ಹರಾಜು ಹಾಕುವ ನಗರಸಭೆಗಳು ಮೇಲಿನ ಅಂತಸ್ತಿನಲ್ಲಿ ಹತ್ತು ರೂಮು ಕಟ್ಟಲಾರವೆ? ಪರೀಕ್ಷೆಗೆ ಹೋಗುವ ಹುಡುಗಿಯರು, ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಬಂದ ತಾಯಂದಿರು, ಕೋರ್ಟು ಕಚೇರಿಗೆ ಅಲೆಯುವ ಹೆಂಗಸರು, ಮೌಲ್ಯಮಾಪನಕ್ಕೆ ಹೋಗುವ ನಾವು, ಎಲ್ಲರೂ ಬಾಡಿಗೆ ಕೊಟ್ಟೇ ಉಳಿಯುತ್ತೇವೆ. ಮುಂದಿನ ಸಲ ವಾರ್ಡಿನ ಸದಸ್ಯರು ಮನೆಬಾಗಿಲಿಗೆ ಬಂದಾಗ ಚರಂಡಿ, ಬೀದಿದೀಪದ ಜೊತೆಗೆ ಇದನ್ನೂ ಕೇಳಬೇಕು.