ಹಬ್ಬದ ಅರ್ಥ ಮತ್ತು ಹಬ್ಬದ ಪಂಕ್ತಿ

ಆಶ್ವಯುಜ ಮಾಸ ಮುಗಿಯುತ್ತ ಬಂದಂತೆ ನಮ್ಮ ಪತ್ರಿಕೆಗಳಲ್ಲಿ 'ದೀಪಾವಳಿಯ ಮಹತ್ವ', 'ದೀಪಾವಳಿಯ ಅರ್ಥ' ಎಂಬ ತಲೆಬರಹದ ಲೇಖನಗಳು ಕಾಣಿಸಿಕೊಳ್ಳುತ್ತವೆ. ಕನ್ನಡದ ಹಬ್ಬದ ವಿಶೇಷಾಂಕಗಳು ನನ್ನ ಪಿಎಚ್‌.ಡಿ. ಅಧ್ಯಯನದ ವಸ್ತುವಾದ್ದರಿಂದ ಇಂಥ ಬರಹಗಳನ್ನು ರಾಶಿಗಟ್ಟಲೆ ಓದುವುದು ನನ್ನ ಪಾಲಿನ ಕೆಲಸ. ಇವುಗಳಿಗೊಂದು ಸಿದ್ಧ ಅಚ್ಚು ಇದೆ. ಮೊದಲು ನರಕಾಸುರ ಅಥವಾ ರಾಮ, ಆಮೇಲೆ ಲಕ್ಷ್ಮಿ, ನಡುವೆ ಎಲ್ಲೋ ಬಲಿ ಚಕ್ರವರ್ತಿ, ಕೊನೆಗೆ ಕತ್ತಲೆಯ ಮೇಲೆ ಬೆಳಕಿನ ವಿಜಯ ಎಂಬ ಸಾರಾಂಶ. ಮುಗಿಸುವ ಮುನ್ನ ಒಂದು ವಾಕ್ಯ: ಸಿಖ್ಖರೂ ಜೈನರೂ ಈ ಹಬ್ಬವನ್ನು ಆಚರಿಸುತ್ತಾರೆ.

ಆ ವಾಕ್ಯದ 'ಊ' ಪ್ರತ್ಯಯದ ಬಗ್ಗೆ ನನ್ನ ತಕರಾರಿದೆ. ಮನೆ ಒಬ್ಬರದು, ಮಿಕ್ಕವರು ನೆಂಟರು ಎಂಬ ಭಾವವನ್ನು ಅದು ಸದ್ದಿಲ್ಲದೆ ದಾಟಿಸಿಬಿಡುತ್ತದೆ. ಸಿಖ್ಖರು ಆ ದಿನ ಏನನ್ನು ಆಚರಿಸುತ್ತಾರೆ, ಯಾಕೆ ಆಚರಿಸುತ್ತಾರೆ ಎಂದು ಕೇಳುವ ಅಗತ್ಯವನ್ನೇ ಉಳಿಸುವುದಿಲ್ಲ. ಹಿಂದೂ ಹಬ್ಬ, ಸಿಖ್ ಹಬ್ಬ ಎಂದು ನಾವು ಕರೆಯುವ ಆಚರಣೆಗಳ ಸಂಬಂಧವನ್ನು ಈ ಒಂದು ಅಕ್ಷರದ ಹೊರಗೆ ನಿಂತು ಓದಲು ಸಾಧ್ಯವೇ ಎಂಬುದು ಇಲ್ಲಿಯ ಪ್ರಶ್ನೆ.

ಸಿಖ್ಖರಿಗೆ ಆ ದಿನ ಬಂದೀ ಛೋಡ್ ದಿವಸ. ಸೆರೆ ಬಿಡಿಸಿದ ದಿನ. ಮೊಗಲ್ ದೊರೆ ಜಹಾಂಗೀರ್ ಆರನೆಯ ಗುರು ಹರಗೋಬಿಂದರನ್ನು ಗ್ವಾಲಿಯರ್ ಕೋಟೆಯಲ್ಲಿ ಸೆರೆಯಿಟ್ಟಿದ್ದ. ಬಿಡುಗಡೆಯ ಆಜ್ಞೆ ಬಂದಾಗ, ಜೊತೆಗಿದ್ದ 52 ಮಂದಿ ರಾಜರನ್ನು ಬಿಟ್ಟು ತಾವೊಬ್ಬರೇ ಹೋಗಲು ಗುರುಗಳು ಒಪ್ಪಲಿಲ್ಲ. ನಿಮ್ಮ ಅಂಗಿಯನ್ನು ಹಿಡಿದು ಎಷ್ಟು ಜನ ಬರಬಲ್ಲರೋ ಅಷ್ಟು ಜನ ಬರಲಿ ಎಂದರಂತೆ. ಗುರುಗಳು 52 ಗೊಂಡೆಗಳಿರುವ ಅಂಗಿ ತೊಟ್ಟು ಎಲ್ಲರನ್ನೂ ಹೊರಗೆ ಕರೆತಂದರು. ಅವರು ಅಮೃತಸರಕ್ಕೆ ಮರಳಿದಾಗ ಊರು ದೀಪ ಹಚ್ಚಿತು. ಇದು ಪರಂಪರೆ ಹೇಳುವ ಕಥೆ. ಬಿಡುಗಡೆಯ ಇಸವಿ, ತಿಥಿಗಳ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ಕಥೆಯ ಒತ್ತು ಎಲ್ಲಿದೆ ಎಂಬುದರಲ್ಲಿ ಗೊಂದಲವಿಲ್ಲ. ಇಲ್ಲಿ ದೀಪಕ್ಕಿಂತ ಮುಂಚೆ ಸೆರೆಮನೆ ಬರುತ್ತದೆ, ಜೊತೆಯವರನ್ನು ಬಿಟ್ಟು ಬರಲೊಲ್ಲದ ಒಬ್ಬ ಬಂದಿ ಬರುತ್ತಾನೆ.

ಈಗ ನಮ್ಮ ಕಡೆಯ ಬಲಿಪಾಡ್ಯಮಿಯನ್ನು ನೋಡಿ. ತುಳುನಾಡಿನಲ್ಲಿ ಬಲೀಂದ್ರನನ್ನು ಕೂಗಿ ಕರೆಯುತ್ತಾರೆ. ಹಳೆ ಮೈಸೂರಿನ ಕಡೆ ಸಗಣಿಯಲ್ಲಿ ಬಲಿಯ ಕೋಟೆ ಕಟ್ಟಿ ಚೆಂಡುಹೂ ಮುಡಿಸುತ್ತಾರೆ. ಮಲೆನಾಡಿನಲ್ಲಿ ಅಂಟಿಗೆ–ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಹಾಡುತ್ತ ಹೋಗುತ್ತಾರೆ. ಕರೆಯುತ್ತಿರುವುದು ಯಾರನ್ನು? ಗೆದ್ದ ವಾಮನನನ್ನಲ್ಲ, ನೆಲ ಕಳೆದುಕೊಂಡು ಪಾತಾಳಕ್ಕೆ ಇಳಿದ ದೊರೆಯನ್ನು. ಸೋತವನು ವರ್ಷಕ್ಕೊಮ್ಮೆ ತನ್ನ ಜನರನ್ನು ನೋಡಲು ಬರುತ್ತಾನೆ ಎಂಬ ನಂಬಿಕೆಯಲ್ಲಿ ದೀಪ ಹಚ್ಚುವುದಕ್ಕೂ ಕತ್ತಲೆಯ ಮೇಲೆ ಬೆಳಕಿನ ವಿಜಯಕ್ಕೂ ಬಹಳ ದೂರ. ಗ್ವಾಲಿಯರ್ ಕೋಟೆಯ ಬಂದಿಗಳೂ ಪಾತಾಳದ ಬಲಿಯೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಎರಡೂ ಕಥೆಗಳು ಅಧಿಕಾರ ಯಾರನ್ನು ಕೆಳಗೆ ತಳ್ಳಿತು, ಯಾರನ್ನು ಒಳಗೆ ಹಾಕಿತು ಎಂಬುದನ್ನು ನೆನಪಿಡುತ್ತವೆ. ನಮ್ಮ ಹಬ್ಬದ ಲೇಖನ ಈ ಎರಡು ನೆನಪುಗಳನ್ನೂ ಒಂದೇ ಏಟಿಗೆ ಅಳಿಸುತ್ತದೆ. 'ಸಿಖ್ಖರೂ' ಎಂದು ಬರೆದು ಸಿಖ್ಖರಿಗೆ ಮಾತ್ರ ಅನ್ಯಾಯ ಮಾಡಿದೆವು ಅಂದುಕೊಳ್ಳಬೇಕಿಲ್ಲ. ನಮ್ಮ ಬಲಿಯನ್ನೂ ಅದೇ ಸಾರಾಂಶದ ಅಡಿ ಹೂತಿರುತ್ತೇವೆ.

ಎಲ್ಲವೂ ಒಂದೇ ಎನ್ನುವ ಈ ಓದಿಗೆ ಎದುರಾಗಿ ಇನ್ನೊಂದು ಓದು ಇದೆ: ಎರಡೂ ಬೇರೆಬೇರೆ, ಒಂದಕ್ಕೊಂದು ಸಂಬಂಧವೇ ಇಲ್ಲ ಎಂಬುದು. 1873ರಲ್ಲಿ ಅಮೃತಸರದಲ್ಲಿ ಶುರುವಾದ ಸಿಂಗ್ ಸಭಾ ಚಳವಳಿಯ ನಂತರದ ದಶಕಗಳಲ್ಲಿ ಈ ದನಿ ಗಟ್ಟಿಯಾಯಿತು. ಕಾಹನ್ ಸಿಂಗ್ ನಾಭಾ 1898ರಲ್ಲಿ ಪ್ರಕಟಿಸಿದ 'ಹಮ್ ಹಿಂದೂ ನಹೀ' ಕೃತಿಯ ಹೆಸರೇ ಅದರ ವಾದ. 1905ರಲ್ಲಿ ಸ್ವರ್ಣಮಂದಿರದ ಆವರಣದಿಂದ ವಿಗ್ರಹಗಳನ್ನು ತೆಗೆಸಲಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಪಂಜಾಬಿನ ಜನರ ಆಚರಣೆಗಳಲ್ಲಿ ಇಷ್ಟು ಸ್ಪಷ್ಟ ಗಡಿಗಳಿರಲಿಲ್ಲ, ಅವು ಆಮೇಲೆ ಕಟ್ಟಿದವು ಎಂದು ಹರ್ಜೋತ್ ಒಬೆರಾಯ್ ತಮ್ಮ 1994ರ ಪುಸ್ತಕದಲ್ಲಿ ವಾದಿಸಿದರು. ಖಾಲ್ಸಾದ ಪ್ರತ್ಯೇಕ ಅರಿವು ಅದಕ್ಕಿಂತ ಬಹಳ ಹಿಂದಿನದು ಎಂದು ಅವರನ್ನು ವಿರೋಧಿಸಿದವರೂ ಇದ್ದಾರೆ. ಈ ಜಗಳದಲ್ಲಿ ನನಗೆ ಕುತೂಹಲ ಹುಟ್ಟಿಸುವುದು ಪಂಚಾಂಗದ ಸಾಕ್ಷಿ. 2003ರಲ್ಲಿ ಜಾರಿಗೆ ಬಂದ ನಾನಕಶಾಹೀ ಪಂಚಾಂಗ ಬಹುಪಾಲು ಸಿಖ್ ದಿನಗಳನ್ನು ಸೌರಮಾನದಲ್ಲಿ ಸ್ಥಿರಗೊಳಿಸಿತು. ವೈಶಾಖಿ ಏಪ್ರಿಲ್ 14ಕ್ಕೆ ನಿಂತಿತು. ಆದರೆ ಹೋಲಾ ಮೊಹಲ್ಲಾ, ಬಂದೀ ಛೋಡ್ ಮತ್ತು ಗುರುನಾನಕರ ಜನ್ಮದಿನ ಹಳೆಯ ಚಾಂದ್ರಮಾನದ ಲೆಕ್ಕದಲ್ಲೇ ಉಳಿದವು. ಪ್ರತ್ಯೇಕತೆಯನ್ನು ಸಾರಲೆಂದೇ ಮಾಡಿದ ಪಂಚಾಂಗ ಕೂಡ ಹೋಳಿ, ದೀಪಾವಳಿಗಳ ನೆರೆಯನ್ನು ಬಿಟ್ಟುಕೊಡಲಿಲ್ಲ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಅಪರಿಚಿತ ಸಂಗತಿಯಲ್ಲ. ಪಂಪ ಭಾರತದ ಕಥೆಯನ್ನು ಎತ್ತಿಕೊಂಡು ಅರಿಕೇಸರಿಯ ಕಥೆಯಾಗಿಸಿದ, ಕುಮಾರವ್ಯಾಸ ಅದನ್ನೇ ಕೃಷ್ಣಕಥೆಯಾಗಿಸಿದ. ಕುಮಾರವ್ಯಾಸನ ಕಾವ್ಯ ಪಂಪನ 'ಭಾಗ' ಎಂದು ಯಾರೂ ಹೇಳುವುದಿಲ್ಲ, ಎರಡಕ್ಕೂ ಸಂಬಂಧವಿಲ್ಲ ಎಂದೂ ಹೇಳುವುದಿಲ್ಲ. ಹಾಗೆ ನೋಡಿದರೆ ಹೋಳಿಯ ಮರುದಿನ ಆನಂದಪುರದಲ್ಲಿ ಗುರು ಗೋಬಿಂದಸಿಂಗರು ಆರಂಭಿಸಿದ ಹೋಲಾ ಮೊಹಲ್ಲಾವೂ ಒಂದು ಮರುಬರವಣಿಗೆ. ಬಣ್ಣದ ಆಟದ ಜಾಗದಲ್ಲಿ ಕುದುರೆ ಸವಾರಿ, ಕತ್ತಿವರಸೆ, ಅಣಕು ಯುದ್ಧ. ಹೆಸರು ಹೋಳಿಯದೇ, ಲಿಂಗ ಬದಲಾಗಿದೆ: ಸ್ತ್ರೀಲಿಂಗದ 'ಹೋಲಿ' ಪುಲ್ಲಿಂಗದ 'ಹೋಲಾ' ಆಗಿದೆ. ಹಳೆಯ ಪಠ್ಯ ಗೊತ್ತಿದ್ದವರಿಗೆ ಮಾತ್ರ ಈ ಬದಲಾವಣೆಯ ಚುರುಕು ತಿಳಿದೀತು.

ಆದರೂ ಈ ಹೋಲಿಕೆ ಒಂದು ಹಂತದಲ್ಲಿ ನಿಲ್ಲುತ್ತದೆ. ಕಾವ್ಯವನ್ನು ಒಬ್ಬರೇ ಕೂತು ಓದಬಹುದು; ಹಬ್ಬಕ್ಕೆ ಜನ ಸೇರಬೇಕು. ಸಿಖ್ ಚರಿತ್ರೆ ಇದನ್ನು ಕಲಿಸುವಷ್ಟು ನಿಚ್ಚಳವಾಗಿ ಬೇರೆ ಯಾವುದೂ ನನಗೆ ಕಲಿಸಿಲ್ಲ.

ಮೂರನೆಯ ಗುರು ಅಮರದಾಸರನ್ನೇ ತೆಗೆದುಕೊಳ್ಳಿ. ಗುರು ಗ್ರಂಥ ಸಾಹಿಬ್‌ನಲ್ಲಿರುವ ಬಿಲಾವಲ್ ರಾಗದ ರಚನೆಯಲ್ಲಿ ಅವರು ತಿಥಿ–ವಾರಗಳಿಗೆ ಜೋತುಬಿದ್ದವರನ್ನು ಕಟುವಾಗಿ ಟೀಕಿಸುತ್ತಾರೆ. ಲಗ್ನಬಲ, ತಾರಾಬಲಗಳನ್ನು ಪಕ್ಕಕ್ಕೆ ಸರಿಸಿದ ಬಸವಣ್ಣನವರ ವಚನಗಳನ್ನು ಬಲ್ಲ ಕನ್ನಡಿಗರಿಗೆ ಈ ದನಿ ಕೂಡಲೇ ಗುರುತಾಗುತ್ತದೆ. ಆದರೆ ಪರಂಪರೆಯ ಪ್ರಕಾರ, ವೈಶಾಖಿ ಮತ್ತು ದೀಪಾವಳಿಗೆ ಸಿಖ್ಖರೆಲ್ಲ ಗೋಯಿಂದವಾಲದಲ್ಲಿ ಸೇರಬೇಕೆಂದು ಗೊತ್ತುಮಾಡಿದವರೂ ಅವರೇ. ಯಾವ ದಿನವೂ ಇನ್ನೊಂದಕ್ಕಿಂತ ಮೇಲಲ್ಲ ಎಂದವರು ಊರಿಗೆಲ್ಲ ಹಬ್ಬವಾಗಿದ್ದ ದಿನಗಳನ್ನೇ ಯಾಕೆ ಆರಿಸಿಕೊಂಡರು?

ನನ್ನ ಓದಿನಲ್ಲಿ ಇದಕ್ಕೆ ಉತ್ತರ ಸರಳ. ಅವರಿಗೆ ದಿನದ ಪಾವಿತ್ರ್ಯ ಬೇಕಿರಲಿಲ್ಲ, ದಿನದ ಬಿಡುವು ಬೇಕಿತ್ತು. ವೈಶಾಖಿ ಹೊತ್ತಿಗೆ ಗೋಧಿ ಕೊಯ್ಲಿಗೆ ಬಂದಿರುತ್ತದೆ, ದೀಪಾವಳಿ ಹೊತ್ತಿಗೆ ಮಳೆಗಾಲ ಮುಗಿದು ದಾರಿಗಳು ಒಣಗಿರುತ್ತವೆ. ಜನ ಹೇಗೂ ಹೊರಡುವ ದಿನ ಅದು. ಹೊರಟವರನ್ನು ಒಂದು ಕಡೆ ಕೂಡಿಸಿದರೆ ಸಂಗತ್ ಆಗುತ್ತದೆ. ಶುಭದಿನವೆಂಬ ನಂಬಿಕೆಯನ್ನು ಕಳಚಿ ಹಬ್ಬದಿಂದ ಅವರು ಉಳಿಸಿಕೊಂಡದ್ದು ಈ ಕೂಡುವಿಕೆಯನ್ನು.

ಇದನ್ನು ನಮ್ಮ ಲೇಖಕರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರು ಆಳುವವರು. ಹದಿನೆಂಟನೆಯ ಶತಮಾನದಲ್ಲಿ ಖಾಲ್ಸಾ ದಳಗಳು ವರ್ಷಕ್ಕೆರಡು ಸಲ, ವೈಶಾಖಿಗೆ ಮತ್ತು ದೀಪಾವಳಿಗೆ, ಅಮೃತಸರದ ಅಕಾಲ್ ತಖ್ತಿನಲ್ಲಿ ಸೇರಿ ಸರ್ಬತ್ ಖಾಲ್ಸಾ ನಡೆಸುತ್ತಿದ್ದವು. 1730ರ ದಶಕದಲ್ಲಿ ಭಾಯಿ ಮಣಿಸಿಂಗರು ದೀಪಾವಳಿಯ ಸಭೆಗೆ ಲಾಹೋರಿನ ಸುಬೇದಾರ ಜಕಾರಿಯಾ ಖಾನನ ಅನುಮತಿ ಪಡೆದರು. ಅದಕ್ಕೆ ತೆರಿಗೆ ಕಟ್ಟಬೇಕಿತ್ತು. ಸೇರಿದ ಜನರ ಮೇಲೆ ದಾಳಿ ಮಾಡುವ ಸಂಚಿನ ಸುಳಿವು ಸಿಕ್ಕಾಗ ಯಾರೂ ಬರಬೇಡಿ ಎಂದು ಹೇಳಿ ಕಳಿಸಿದರು. ಜನ ಬರಲಿಲ್ಲ, ಕಾಣಿಕೆ ಕೂಡಲಿಲ್ಲ, ತೆರಿಗೆ ಕಟ್ಟಲಾಗಲಿಲ್ಲ. ಲಾಹೋರಿನಲ್ಲಿ ಅವರನ್ನು ಕೀಲುಕೀಲು ಕಡಿದು ಕೊಂದರೆಂದು ಸಿಖ್ ಪರಂಪರೆ ನೆನೆಯುತ್ತದೆ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡಿಗೆ ಬಲಿಯಾದವರಲ್ಲಿ ವೈಶಾಖಿಗೆಂದು ಹಳ್ಳಿಗಳಿಂದ ಬಂದವರಿದ್ದರು. 1984ರ ಜೂನ್ ಮೊದಲ ವಾರ ಸೇನೆ ಸ್ವರ್ಣಮಂದಿರದ ಸಂಕೀರ್ಣಕ್ಕೆ ನುಗ್ಗಿದಾಗ, ಗುರು ಅರ್ಜನರ ಹುತಾತ್ಮ ದಿನಕ್ಕೆ ಬಂದಿದ್ದ ಯಾತ್ರಿಕರು ಒಳಗೇ ಇದ್ದರು. ಈ ಮೂರೂ ಸಂದರ್ಭಗಳ ಕಾರಣಗಳು ಬೇರೆಬೇರೆ, ಅವುಗಳನ್ನು ಕಲಸಬಾರದು. ಆದರೆ ಮೂರರಲ್ಲೂ ಬೆಲೆ ತೆತ್ತದ್ದು ಹಬ್ಬದ ಹೆಸರಿನಲ್ಲಿ ಸೇರಿದ, ಸೇರಬೇಕಿದ್ದ ಜನ. ಪರಕೀಯ ಅಧಿಕಾರವಷ್ಟೇ ಕೂಟಕ್ಕೆ ಅಂಜುತ್ತದೆ ಎಂದೂ ತಿಳಿಯಬೇಕಿಲ್ಲ. ಸರ್ಬತ್ ಖಾಲ್ಸಾವನ್ನು 1805ರ ನಂತರ ನಿಲ್ಲಿಸಿದ್ದು ಸಿಖ್ಖರದೇ ದೊರೆ, ಮಹಾರಾಜ ರಣಜಿತಸಿಂಗ್.

ಹಾಗಾದರೆ ಜನ ಸೇರಿದರೆ ಸಾಕೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಪಂಜಾಬಿನಿಂದ ಪುಣೆಗೆ ಬರಬೇಕು. 1893ರಲ್ಲಿ ಲೋಕಮಾನ್ಯ ತಿಲಕರು ಮನೆಯೊಳಗಿನ ಗಣಪತಿಯನ್ನು ಬೀದಿಗೆ ತಂದದ್ದು ವಸಾಹತುಶಾಹಿಯ ಎದುರು ಜನ ಕೂಡಿಸುವ ಜಾಣ ಉಪಾಯ ಎಂದು ನಮ್ಮ ಪಠ್ಯಪುಸ್ತಕಗಳು ಹೇಳುತ್ತವೆ. ಅದು ನಿಜ. ಅದುವರೆಗೆ ಮೊಹರಂ ಮೆರವಣಿಗೆಗಳಲ್ಲಿ ಪಾಲ್ಗೊಳ್ಳುತ್ತಿದ್ದ ಪುಣೆಯ ಹಿಂದೂಗಳು ಅವುಗಳಿಂದ ದೂರ ಸರಿದದ್ದು ಕೂಡ ಅದೇ ವರ್ಷಗಳಲ್ಲಿ ಎಂಬುದೂ ನಿಜ. ಕೂಡಿಸುವ ಹಬ್ಬವೇ ಕಳೆಯುವ ಹಬ್ಬವೂ ಆಗಬಲ್ಲದು. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಇವತ್ತಿಗೂ ಹಿಂದೂಗಳು ಅಲಾವಿ ಹಬ್ಬದಲ್ಲಿ ಹೆಜ್ಜೆ ಹಾಕುತ್ತಾರೆ, ರಿವಾಯತ್ ಪದ ಹಾಡುತ್ತಾರೆ. ಅಲ್ಲಿ ಉಳಿದದ್ದು ಪುಣೆಯಲ್ಲಿ ಯಾಕೆ ಹೋಯಿತು ಎಂದು ಕೇಳದೆ ಗಣೇಶೋತ್ಸವದ ಅರ್ಥವನ್ನು ಬರೆಯುವುದು ಅರ್ಧ ಬರಹ.

ಆದ್ದರಿಂದ ಜನ ಸೇರಿದರೇ ಎಂಬುದರ ಜೊತೆಗೆ ಹೇಗೆ ಕೂತರು ಎಂಬುದನ್ನೂ ಕೇಳಬೇಕು. ಸಿಖ್ಖರ ಲಂಗರಿನಲ್ಲಿ ಎಲ್ಲರೂ ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಆ ಸಾಲಿಗೆ ಪಂಜಾಬಿಯಲ್ಲಿ 'ಪಂಗತ್' ಎನ್ನುತ್ತಾರೆ. ಅದು ನಮ್ಮ 'ಪಂಕ್ತಿ'ಯ ಒಡಹುಟ್ಟಿದ ಪದ. ಒಂದು ಭಾಷೆಯಲ್ಲಿ ಆ ಪದ ಸಮಾನತೆಯ ಗುರುತಾಯಿತು. ಕನ್ನಡದಲ್ಲಿ ಅದಕ್ಕೆ ಅಂಟಿಕೊಂಡು ಬೆಳೆದದ್ದು 'ಪಂಕ್ತಿಭೇದ'. ಶರಣರ ದಾಸೋಹ ನಮ್ಮಲ್ಲೂ ಇತ್ತು, ಇದೆ. ಆದರೂ ಹಬ್ಬದೂಟಕ್ಕೆ ಯಾರ ಎಲೆ ಎಲ್ಲಿ ಎಂಬ ಜಗಳ ಈಗಲೂ ನಮ್ಮ ದೇವಸ್ಥಾನಗಳ ಮುಂದೆ ನಡೆಯುತ್ತಲೇ ಇದೆ. ಲಂಗರು ಪಂಜಾಬಿನಲ್ಲಿ ಜಾತಿಯನ್ನು ಅಳಿಸಿಹಾಕಿತು ಎಂದು ಹೇಳುವಷ್ಟು ಮುಗ್ಧತೆ ನಮಗೆ ಬೇಡ. ಜಾತಿಗೊಂದು ಗುರುದ್ವಾರವಿರುವ ಹಳ್ಳಿಗಳು ಅಲ್ಲೂ ಇವೆ. ಆದರೆ ಅಲ್ಲಿ ಭೇದ ಮಾಡುವವರು ತಮ್ಮ ಹಬ್ಬದ ಮಾತನ್ನೇ ಮುರಿಯಬೇಕಾಗುತ್ತದೆ. ನಮ್ಮಲ್ಲಿ ಭೇದ ಮಾಡುವವರು ಅದನ್ನು ಸಂಪ್ರದಾಯವೆಂದು ಸಮರ್ಥಿಸಿಕೊಳ್ಳಬಲ್ಲರು. ಈ ವ್ಯತ್ಯಾಸ ಸಣ್ಣದಲ್ಲ.

ಪಂಜಾಬಿನ ಈ ಕಥೆಗೆ ನಮ್ಮ ನೆಲದ ಒಂದು ಎಳೆಯೂ ಇದೆ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದಸಿಂಗರು ಕತ್ತಿ ಹಿಡಿದು ತಲೆ ಕೊಡುವವರು ಯಾರಿದ್ದೀರಿ ಎಂದು ಕೇಳಿದಾಗ ಒಬ್ಬೊಬ್ಬರಾಗಿ ಎದ್ದು ನಿಂತ ಐವರು ಪಂಜ್ ಪ್ಯಾರೇ. ಲಾಹೋರಿನ ಖತ್ರಿ, ಹಸ್ತಿನಾಪುರದ ಜಾಟ, ಪುರಿಯ ನೀರು ಹೊರುವವರು, ದ್ವಾರಕೆಯ ಬಟ್ಟೆ ಕಸುಬಿನವರು, ಐದನೆಯವರು ಬೀದರಿನ ಕ್ಷೌರಿಕ, ಭಾಯಿ ಸಾಹಿಬ್‌ಸಿಂಗ್ ಎಂದು ಪರಂಪರೆ ಹೇಳುತ್ತದೆ. ಐವರೂ ಒಂದೇ ಬಟ್ಟಲಿನಿಂದ ಅಮೃತ ಕುಡಿದರು. ಆಮೇಲೆ ಗುರುಗಳೇ ಅವರ ಮುಂದೆ ಕೈಯೊಡ್ಡಿ ದೀಕ್ಷೆ ಕೇಳಿದರು. ಬೀದರಿನ ಗುರುನಾನಕ ಝೀರಾಕ್ಕೆ ಹೋಗುವ ನಮ್ಮ ಪ್ರವಾಸಿಗರಲ್ಲಿ ಹೆಚ್ಚಿನವರಿಗೆ ಚಿಲುಮೆಯ ನೀರಿನ ಕಥೆ ಗೊತ್ತು, ಈ ಕ್ಷೌರಿಕನ ಕಥೆ ಗೊತ್ತಿಲ್ಲ. ಅದೇ ಜಿಲ್ಲೆಯ ಬಸವಕಲ್ಯಾಣಕ್ಕೂ ಇದಕ್ಕೂ ನೇರ ಚಾರಿತ್ರಿಕ ನಂಟು ಕಟ್ಟುವ ಆಸೆಯನ್ನು ನಾನು ತಡೆದುಕೊಳ್ಳುತ್ತೇನೆ. ವೈಶಾಖಿಯ ಬಗ್ಗೆ ಕನ್ನಡದಲ್ಲಿ ಬರೆಯುವವರು 'ಪಂಜಾಬಿನ ಸುಗ್ಗಿಹಬ್ಬ' ಎಂಬ ಎರಡು ಪದಗಳಲ್ಲಿ ಮುಗಿಸದೆ, ಆ ಸಭೆಯಲ್ಲಿ ಎದ್ದು ನಿಂತ ಬೀದರಿನವರ ಹೆಸರನ್ನಾದರೂ ಹೇಳಬೇಕು.

ಹಬ್ಬದ ಅರ್ಥವನ್ನು ಕಥೆಯಲ್ಲಿ ಹುಡುಕುವ ಅಭ್ಯಾಸ ನಮ್ಮ ವಿಶೇಷಾಂಕಗಳಿಗೆ ಇದ್ದೇ ಇರುತ್ತದೆ, ಇರಲಿ. ಕಥೆ ಬೇಕು. ಬಲಿಯ ಕಥೆಯನ್ನು ಬಲಿಯ ಕಥೆಯಾಗಿ, ಗ್ವಾಲಿಯರಿನದನ್ನು ಗ್ವಾಲಿಯರಿನದಾಗಿ ಹೇಳಿದರೆ ಸಾಕು, 'ಊ' ತಾನಾಗಿ ಉದುರುತ್ತದೆ. ಅದರ ಪಕ್ಕದಲ್ಲಿ ಇನ್ನೆರಡು ಪ್ರಶ್ನೆಗಳಿಗೂ ಜಾಗ ಸಿಗಬೇಕು: ಅಂದು ಯಾರು ಯಾರು ಸೇರಿದರು, ಊಟದ ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂತರು? ಮುಂದಿನ ದೀಪಾವಳಿ ಸಂಚಿಕೆಗೆ ಬರೆಯುವವರು ಈ ಪ್ರಶ್ನೆಗಳನ್ನು ಹಿಡಿದು ತಮ್ಮ ಊರನ್ನೇ ಒಮ್ಮೆ ಸುತ್ತಿ ಬಂದರೆ ನನ್ನಂಥ ಓದುಗರಿಗೆ ಓದಲು ಹೊಸದೇನಾದರೂ ಸಿಕ್ಕೀತು.