ವಿತ್ತೀಯ ಹೊಣೆಗಾರಿಕೆ ಅಧಿನಿಯಮ: ಕಬ್ಬಾಳಿನಿಂದ ಒಂದು ಅವಲೋಕನ

ಕಾಯಿದೆಯೊಂದನ್ನು ಕೃತಿಯಂತೆ ಮೊದಲಿನಿಂದ ಕೊನೆಯವರೆಗೆ ಓದಿ, ಅದರ ಆಶಯವೇನು, ಆಶಯಕ್ಕೆ ತಕ್ಕ ಬಂಧ ಅದಕ್ಕೆ ಒದಗಿದೆಯೆ, ಬಂಧದಲ್ಲಿ ಸಡಿಲವೆಲ್ಲಿ ಎಂದು ವಿವೇಚಿಸುವ ವಾಡಿಕೆ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ವಕೀಲರು ಅದನ್ನು ವ್ಯಾಜ್ಯಕ್ಕಾಗಿ ಓದುತ್ತಾರೆ; ಅಧಿಕಾರಿಗಳು ಕಡತಕ್ಕಾಗಿ ಓದುತ್ತಾರೆ; ಯಾರ ದ್ರವ್ಯವನ್ನು ಕುರಿತು ಅದು ರಚಿತವಾಯಿತೋ ಆ ಪ್ರಜೆಗಳ ಕೈಗೆ ಅದು ಬರುವುದೇ ಇಲ್ಲ. 2002ರಲ್ಲಿ, ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದಾಗ ನಮ್ಮ ವಿಧಾನಮಂಡಲವು ಅಂಗೀಕರಿಸಿದ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಅಧಿನಿಯಮವು ಅಂಥ ಓದಿಗೆ ಅತ್ಯಂತ ಯೋಗ್ಯವಾದುದೆಂದು ನನ್ನ ಅಭಿಪ್ರಾಯ. ಕೇಂದ್ರ ಸರ್ಕಾರವು ತನಗಾಗಿ ಇಂಥ ಕಟ್ಟಳೆಯನ್ನು ಮಾಡಿಕೊಂಡದ್ದು 2003ರಲ್ಲಿ. ಅದಕ್ಕಿಂತ ಮುಂಚೆ, ಉಳಿದ ಎಲ್ಲ ರಾಜ್ಯಗಳಿಗಿಂತ ಮೊದಲಾಗಿ, ತನ್ನ ಖರ್ಚಿನ ಕೈಯನ್ನು ತಾನೇ ಕಟ್ಟಿಕೊಂಡ ರಾಜ್ಯ ಕರ್ನಾಟಕ.

ಈ ಕಾಯಿದೆಯನ್ನು ಕನಕಪುರ ತಾಲ್ಲೂಕು ಸಾತನೂರು ಹೋಬಳಿಯ ಕಬ್ಬಾಳಿನಲ್ಲಿ ನಿಂತು ಓದುವುದಕ್ಕೆ ಕಾರಣವಿದೆ. ಊರಿನ ನೆತ್ತಿಯ ಮೇಲೆ ಕಡಿದಾದ ಏಕಶಿಲೆಯ ದುರ್ಗವೂ ಅದರ ಬುಡದಲ್ಲಿ ಕಬ್ಬಾಳಮ್ಮನ ಗುಡಿಯೂ ಇರುವ ಈ ಸ್ಥಳದಲ್ಲಿ, ಅಧಿಕಾರವು ಯಾರಿಗೂ ಲೆಕ್ಕ ಒಪ್ಪಿಸದೆ ನಡೆದರೆ ಏನಾಗುತ್ತದೆಂಬ ಚರಿತ್ರೆಯೂ, ಮಾತು ಕೊಟ್ಟವನು ಅದನ್ನು ನಡೆಸಿಕೊಡುವ ರೀತಿ ಯಾವುದೆಂಬ ಲೋಕಾಚಾರವೂ ಒಟ್ಟಿಗೇ ಕಾಣಸಿಗುತ್ತವೆ. ಹಿಂದೂ ಅರಸರ ಕಾಲದಲ್ಲಿಯೂ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿಯೂ ಈ ಬೆಟ್ಟ ಸೆರೆಮನೆಯಾಗಿತ್ತು. ಮೈಸೂರಿನ ಏಳನೆಯ ಚಾಮರಾಜ ಒಡೆಯರು ದಳವಾಯಿಗಳ ಹಿಡಿತದಿಂದ ಬಿಡಿಸಿಕೊಳ್ಳಲು ಯತ್ನಿಸಿದಾಗ, ಸೈನ್ಯವನ್ನೂ ಬೊಕ್ಕಸವನ್ನೂ ಕೈಯಲ್ಲಿಟ್ಟುಕೊಂಡಿದ್ದ ಆ ದಳವಾಯಿಗಳು 1734ರಲ್ಲಿ ಅರಸನನ್ನೇ ಪದಚ್ಯುತಗೊಳಿಸಿ ಈ ಬೆಟ್ಟಕ್ಕೆ ಕಳುಹಿಸಿದರು. ಆತ ಮರಳಿ ಬರಲಿಲ್ಲ. ಅದೇ ದಳವಾಯಿ ಮನೆತನವು ಎರಡು ದಶಕಗಳ ಅನಂತರ, ತಿರುಚಿರಾಪಳ್ಳಿಯನ್ನು ಬಿಟ್ಟುಕೊಡುವೆನೆಂಬ ಆರ್ಕಾಟಿನ ನವಾಬ ಮಹಮ್ಮದಾಲಿಯ ಮಾತನ್ನು ನಂಬಿ ದಂಡೆತ್ತಿ ಹೋಗಿ, ಬೊಕ್ಕಸವನ್ನು ಬರಿದುಮಾಡಿಕೊಂಡಿತು. 1758ರಲ್ಲಿ ಸಂಬಳದ ಬಾಕಿಗಾಗಿ ಸೈನಿಕರು ಆ ಮನೆತನದ ನಂಜರಾಜಯ್ಯನ ಬಾಗಿಲಲ್ಲಿ ಧರಣಿ ಕುಳಿತರು. ಆ ಬಾಕಿಯನ್ನು ತೀರಿಸುವ ನೆವದಲ್ಲಿ ಮೇಲೆದ್ದವನು ಹೈದರಾಲಿ. ರಾಜ್ಯದ ಪತನಕ್ಕೆ ಶತ್ರುವಿನ ಫಿರಂಗಿಯೇ ಬೇಕೆಂದಿಲ್ಲ, ಕೊಡದೆ ಉಳಿಸಿಕೊಂಡ ಸಂಬಳ ಸಾಕೆಂಬುದಕ್ಕೆ ನಮ್ಮ ಸೀಮೆಯ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತೋರದು.

ಇದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಪರಂಪರೆಯೂ ನಮ್ಮದೇ. 1876-78ರ ಮಹಾಕ್ಷಾಮವು ಉಳಿಸಿಹೋದ 80 ಲಕ್ಷ ರೂಪಾಯಿ ಸಾಲದ ಹೊರೆಯೊಂದಿಗೆ 1881ರಲ್ಲಿ ಮೈಸೂರು ಒಡೆಯರ ವಂಶಕ್ಕೆ ಮರಳಿದಾಗ, ದಿವಾನ್ ರಂಗಾಚಾರ್ಲು ಅವರು ಆ ವರ್ಷದ ದಸರೆಯಲ್ಲಿಯೇ ರೈತರನ್ನೂ ವರ್ತಕರನ್ನೂ ಕರೆಸಿ, ಪ್ರಜಾಪ್ರತಿನಿಧಿ ಸಭೆಯ ಮುಂದೆ ರಾಜ್ಯದ ಆಯವ್ಯಯವನ್ನು ವಿವರಿಸಿದರು. ಆ ಸಭೆಗೆ ಮತದ ಬಲವಿರಲಿಲ್ಲ; ಮುಂಗಡಪತ್ರವನ್ನು ತಿರಸ್ಕರಿಸುವ ಹಕ್ಕೂ ಇರಲಿಲ್ಲ. ಆದರೆ ಸಾಲವೆಷ್ಟು, ವರಮಾನವೆಷ್ಟು, ವೆಚ್ಚವೆಷ್ಟು ಎಂಬುದನ್ನು ತೆರಿಗೆ ಕೊಟ್ಟವನ ಮುಂದೆ ನಿಂತು ಹೇಳತಕ್ಕದ್ದೆಂಬ ಧರ್ಮವು ಅಂದು ಸ್ಥಾಪಿತವಾಯಿತು. 2002ರ ಅಧಿನಿಯಮವನ್ನು ಆ ಧರ್ಮದ ಉತ್ತರಾಧಿಕಾರಿಯೆಂದು ನಾನು ಗೌರವಿಸುತ್ತೇನೆ, ಮತ್ತು ಅದೇ ಕಾರಣದಿಂದ ಅದನ್ನು ಕಟುವಾಗಿ ಪರೀಕ್ಷಿಸಬೇಕೆಂದು ಬಯಸುತ್ತೇನೆ.

ಅಧಿನಿಯಮದ ತಿರುಳು ಸರಳವಾದುದು. ನಿತ್ಯದ ವೆಚ್ಚ ನಿತ್ಯದ ವರಮಾನದೊಳಗೆ ನಡೆಯಬೇಕು, ಎಂದರೆ ರಾಜಸ್ವ ಕೊರತೆ ಇರಬಾರದು. ಒಟ್ಟು ವಿತ್ತೀಯ ಕೊರತೆಯು ರಾಜ್ಯದ ಒಟ್ಟು ಉತ್ಪನ್ನದ ನೂರಕ್ಕೆ 3ನ್ನು ಮೀರಬಾರದು. ಹೊಣೆಗಳ ಒಟ್ಟು ಮೊತ್ತ ನೂರಕ್ಕೆ 25ರ ಗೆರೆಯೊಳಗಿರಬೇಕು. ಪ್ರತಿವರ್ಷದ ಮುಂಗಡಪತ್ರದೊಡನೆ ಮಧ್ಯಮಾವಧಿಯ ವಿತ್ತೀಯ ಯೋಜನೆಯೊಂದನ್ನು ಸದನದ ಮುಂದಿಡಬೇಕು. ಮಕ್ಕಳ ಶಾಲೆಗೋ ಕೆರೆಯ ಏರಿಗೋ ಸಾಲ ಮಾಡುವುದನ್ನು ಇದು ನಿಷೇಧಿಸುವುದಿಲ್ಲ. ಇಂದಿನ ಅನುಭೋಗಕ್ಕಾಗಿ ಮುಂದಿನ ತಲೆಮಾರಿನ ಹೆಸರಿನಲ್ಲಿ ಪತ್ರ ಬರೆದುಕೊಡುವುದನ್ನು ಮಾತ್ರ ನಿಷೇಧಿಸುತ್ತದೆ. ಫಲವೂ ಬೇಗನೆ ಕಂಡಿತು. 2004-05ರಿಂದ ಮೊದಲ್ಗೊಂಡು ಒಂದೂವರೆ ದಶಕ, ಬೇರೆಬೇರೆ ಪಕ್ಷಗಳ ಸರ್ಕಾರಗಳು ಬಂದುಹೋದರೂ, ಕರ್ನಾಟಕದ ರಾಜಸ್ವ ಖಾತೆ ಮಿಗತೆಯಲ್ಲಿಯೇ ನಡೆಯಿತು. ನಿಗಮಗಳ ಹೆಸರಿನಲ್ಲಿ ಎತ್ತಿ ಮುಂಗಡಪತ್ರದಿಂದ ತೀರಿಸುವ ಸಾಲವನ್ನೂ ಹೊಣೆಯ ಲೆಕ್ಕಕ್ಕೆ ಸೇರಿಸಬೇಕೆಂದು 2014ರಲ್ಲಿ ಮಾಡಿದ ತಿದ್ದುಪಡಿಯು, ಕಾಯಿದೆಯ ಕಣ್ಣನ್ನು ಇನ್ನಷ್ಟು ಹರಿತಗೊಳಿಸಿದ ಸತ್ಕಾರ್ಯ.

ದೋಷವಿರುವುದು ಬಂಧದಲ್ಲಿ. ಮಿತಿಯನ್ನು ಮೀರಲು ಅಧಿನಿಯಮವೇ ಒಂದು ಕಿಂಡಿಯನ್ನು ಬಿಟ್ಟಿದೆ: ಆಂತರಿಕ ಕ್ಷೋಭೆ, ಪ್ರಕೃತಿ ವಿಕೋಪ ಎಂಬ ನ್ಯಾಯವಾದ ಕಾರಣಗಳ ಪಕ್ಕದಲ್ಲಿಯೇ, ಸರ್ಕಾರವು ನಿರ್ದಿಷ್ಟಪಡಿಸಬಹುದಾದ ಇತರ ಅಸಾಧಾರಣ ಕಾರಣಗಳಿಗೂ ಅಲ್ಲಿ ಎಡೆಯುಂಟು. ಕಟ್ಟುಪಾಡಿಗೆ ಒಳಗಾಗಬೇಕಾದವನೇ ಅಪವಾದವನ್ನು ನಿರ್ಣಯಿಸುವವನಾದರೆ ಆ ಕಟ್ಟುಪಾಡಿನ ಬಲವೆಷ್ಟು? ಪಾಲನೆಯನ್ನು ಪರಿಶೀಲಿಸಲು ಸಮಿತಿಯೊಂದುಂಟು, ಅದರ ಅಧ್ಯಕ್ಷತೆ ಮುಖ್ಯ ಕಾರ್ಯದರ್ಶಿಗಳದು. ಅವರು ಸಮರ್ಥರಿರಬಹುದು, ಪ್ರಾಮಾಣಿಕರಿರಬಹುದು, ಆದರೆ ಯಾವ ಸರ್ಕಾರದ ಲೆಕ್ಕವನ್ನು ನೋಡಬೇಕೋ ಅದೇ ಸರ್ಕಾರದ ಅಧೀನರು. ಮಿತಿ ಮೀರಿದವರಿಗೆ ದಂಡನೆಯ ಮಾತು ಎಲ್ಲಿಯೂ ಇಲ್ಲ. 2020ರಲ್ಲಿ ಕೋವಿಡ್ ಬಂದಾಗ ಕೊರತೆಯ ಮಿತಿಯನ್ನು ನೂರಕ್ಕೆ 5ಕ್ಕೆ ಏರಿಸಲಾಯಿತು. ವಿಪತ್ತಿನ ಕಾಲದ ಆ ಸಡಿಲಿಕೆಯನ್ನು ನಾನು ಆಕ್ಷೇಪಿಸಲಾರೆ. ಆಕ್ಷೇಪವಿರುವುದು ವಿಪತ್ತು ಕಳೆದ ಮೇಲೂ ಮರುಕಳಿಸಿದ ಅಭ್ಯಾಸಕ್ಕೆ. 2022-23ರಲ್ಲಿ ಮತ್ತೆ ಮಿಗತೆಗೆ ಮರಳಿದ್ದ ಖಾತೆಯು 2023-24ರಲ್ಲಿ 9,271 ಕೋಟಿ ರೂಪಾಯಿಗಳ ರಾಜಸ್ವ ಕೊರತೆಗೆ ಇಳಿಯಿತು. 2024-25ರ ಮುಂಗಡಪತ್ರವು 27,354 ಕೋಟಿಯ ಕೊರತೆಯನ್ನು ಮೊದಲೇ ಅಂದಾಜಿಸಿಕೊಂಡು ಮಂಡಿತವಾಯಿತು. 2025-26ರದು 19,262 ಕೋಟಿ. ಮಾರ್ಚ್ 2025ರ ಆ ಮುಂಗಡಪತ್ರದಲ್ಲಿ ಹೊಣೆಗಳ ಪ್ರಮಾಣ ನೂರಕ್ಕೆ 24.91 ಎಂದಿದೆ. ಮೂರು ಮಿತಿಗಳಲ್ಲಿ ಒಂದು ಒಡೆದಿದೆ, ಇನ್ನೊಂದು ಗೆರೆಯ ಅಂಚಿಗೆ ಬಂದು ತಾಗಿದೆ. ಆದರೂ ಎಲ್ಲವೂ ಅಧಿನಿಯಮದ ಮಿತಿಯಲ್ಲಿದೆಯೆಂಬಂತೆ ಭಾಷಣಗಳು ಸಾಗುತ್ತವೆ.

ಇನ್ನು ಕಬ್ಬಾಳಿನ ಬಸ್ಸಿಗೆ ಬರೋಣ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ, ಬೆಂಗಳೂರು, ಮಂಡ್ಯ, ಚನ್ನಪಟ್ಟಣ, ಕನಕಪುರಗಳ ಕಡೆಯಿಂದ ಅಮ್ಮನ ದರ್ಶನಕ್ಕೆ ಬರುವ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸು ಕೊಡಬೇಕಾಗಿಲ್ಲ. ಮಗನ ಮುಂದೆಯೋ ಗಂಡನ ಮುಂದೆಯೋ ಕೈಚಾಚದೆ ಹರಕೆ ತೀರಿಸಿ ಬರುವ ಮುದುಕಿಯ ಸಂತೋಷವನ್ನು ಹಗುರವಾಗಿ ಕಾಣುವ ಅರ್ಥಶಾಸ್ತ್ರ ನನಗೆ ಬೇಡ. ದಿನವೂ ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯ ಕೈಯಲ್ಲಿ ಉಳಿದ ಬಸ್ಸಿನ ಚಾರ್ಜು ಆಕೆಯ ಮನೆಗೆ ಬಲವಾಗುತ್ತದೆಂಬುದೂ ಸತ್ಯ. ಆದರೆ ಪ್ರಯಾಣಿಕಳಿಗೆ ಬೆಲೆ ಶೂನ್ಯವಾದ ಮಾತ್ರಕ್ಕೆ ಪ್ರಯಾಣಕ್ಕೆ ಬೆಲೆಯಿಲ್ಲವಾಗದು. ಡೀಸೆಲ್ಲಿಗೆ, ಟೈರಿಗೆ, ಚಾಲಕನ ಮತ್ತು ಕಂಡಕ್ಟರನ ಸಂಬಳಕ್ಕೆ, ಅವರ ಭವಿಷ್ಯನಿಧಿಗೆ ಹಣ ಬೇಕೇ ಬೇಕು. ಆ ಹಣ ಸಾರಿಗೆ ನಿಗಮಗಳಿಗೆ ಸಕಾಲದಲ್ಲಿ ಪೂರ್ತಿಯಾಗಿ ತಲುಪದೆ, 2025ರ ಜನವರಿಯಲ್ಲಿ ಒಂದೆಡೆ ಟಿಕೆಟ್ ದರವನ್ನು ನೂರಕ್ಕೆ 15ರಷ್ಟು ಏರಿಸಿ, ಇನ್ನೊಂದೆಡೆ ಇಂಧನ ಮತ್ತು ಭವಿಷ್ಯನಿಧಿಯ ಬಾಕಿ ತೀರಿಸಲು 2,000 ಕೋಟಿ ಸಾಲ ಎತ್ತುವುದಕ್ಕೆ ಅನುಮತಿ ಕೊಡಬೇಕಾಯಿತು. ಅದೇ ಮುದುಕಿಯ ಮಗ ಅದೇ ಬಸ್ಸಿನಲ್ಲಿ ಹೆಚ್ಚಿನ ದರ ತೆತ್ತು ಕುಳಿತಿದ್ದಾನೆ. ಬಸ್ಸನ್ನು ನಡೆಸುವವನು ಆಗಸ್ಟ್ 2025ರಲ್ಲಿ 38 ತಿಂಗಳ ವೇತನ ಪರಿಷ್ಕರಣೆಯ ಹಿಂಬಾಕಿಗಾಗಿ ಮುಷ್ಕರ ಹೂಡಿದ್ದಾನೆ. ಆ 38 ತಿಂಗಳು ಶಕ್ತಿ ಯೋಜನೆಗಿಂತ ಹಿಂದಿನವು, ಹಿಂದಿನ ಸರ್ಕಾರದ ಕಾಲದ ಋಣವೆಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಬಾಕಿಯುಳಿಸಿಕೊಂಡು ಹೊಸ ಮಾತು ಕೊಡುವ ರೋಗಕ್ಕೆ ಪಕ್ಷಭೇದವಿಲ್ಲ.

ಶಕ್ತಿಯೂ ಸೇರಿದಂತೆ ಸರ್ಕಾರದ ಐದು ಗ್ಯಾರಂಟಿ ಯೋಜನೆಗಳಿಗೆಂದು 2025-26ರಲ್ಲಿ ತೆಗೆದಿರಿಸಿದ ಮೊತ್ತ ಸುಮಾರು 51,000 ಕೋಟಿ, ಎಂದರೆ 4,09,549 ಕೋಟಿಯ ಮುಂಗಡಪತ್ರದ ಎಂಟನೆಯ ಒಂದು ಭಾಗ; ಆ ವರ್ಷ ಎತ್ತಲು ಉದ್ದೇಶಿಸಿದ ಸಾಲ 1,16,000 ಕೋಟಿ. ಮಹಾಲೇಖಪಾಲರ ವರದಿಯು 2023-24ರ ಲೆಕ್ಕವನ್ನು ಪರಿಶೀಲಿಸಿ, ಮೂಲಸೌಕರ್ಯದ ಮೇಲಿನ ಬಂಡವಾಳ ವೆಚ್ಚ ಹಿಂದಿನ ವರ್ಷಕ್ಕಿಂತ 5,229 ಕೋಟಿ ಕಡಿಮೆಯಾದುದನ್ನು ಎತ್ತಿ ತೋರಿಸಿತು. ಯೋಜನೆ ನಿಂತಾಗ ಜನ ಕೂಗುತ್ತಾರೆ. ಕಟ್ಟದೆ ಉಳಿದ ಸೇತುವೆಗೆ, ದುರಸ್ತಿಯಾಗದ ನಾಲೆಗೆ ಕೂಗಲು ಬಾಯಿಲ್ಲ. ಆದ್ದರಿಂದ ಹಣದ ಅಭಾವ ಬಂದಾಗಲೆಲ್ಲ ಕತ್ತರಿ ಮೊದಲು ಬೀಳುವುದು ಅವುಗಳ ಮೇಲೆಯೇ. ಲೀಟರಿಗೆ 5 ರೂಪಾಯಿಯ ಹಾಲಿನ ಪ್ರೋತ್ಸಾಹಧನ ತಿಂಗಳುಗಟ್ಟಲೆ ಬಾಕಿ ಉಳಿಯುವುದನ್ನು ನಮ್ಮ ರೈತರು ಬಲ್ಲರು. ಮನೆಯ ಯಜಮಾನಿಗೆ ತಿಂಗಳ ಕಂತು ಕೊಡುವ ಗೃಹಲಕ್ಷ್ಮಿಯ ಕಥೆ ಇನ್ನೂ ಗಂಭೀರವಾದುದು: 2025ರ ಫೆಬ್ರವರಿ, ಮಾರ್ಚ್ ತಿಂಗಳುಗಳ ಕಂತು ಪಾವತಿಯಾಗಿಲ್ಲವೆಂಬ ಸಂಗತಿಯು ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ವಿರೋಧಪಕ್ಷದವರು ಪಟ್ಟುಹಿಡಿದ ಮೇಲೆ ಸ್ಪಷ್ಟವಾಗಿ, ಸಚಿವರು ವಿಷಾದ ಹೇಳಬೇಕಾಯಿತು. ಕೊಡುವುದು ತಡವಾದರೆ ಸಹಿಸಬಹುದು. ಕೊಟ್ಟದ್ದೆಷ್ಟು, ಉಳಿದದ್ದೆಷ್ಟು ಎಂಬ ಪಟ್ಟಿ ಪ್ರಜೆಯ ಮುಂದೆ ತಾನಾಗಿಯೇ ಬರದಿದ್ದರೆ, ಆ ಹೊಣೆಗಾರಿಕೆ ಅಧಿನಿಯಮದ ಹೆಸರಿನಲ್ಲಿ ಮಾತ್ರ ಉಳಿದುಕೊಂಡಿತು.

ಕಬ್ಬಾಳಮ್ಮನಿಗೆ ಹರಕೆ ಹೊತ್ತ ಗೃಹಿಣಿಯು ಮುಡಿಪು ಕಟ್ಟಿ ದೇವರ ಗೂಡಿನಲ್ಲಿಡುತ್ತಾಳೆ. ತನ್ನ ದುಡಿಮೆಯಿಂದ ಅದಕ್ಕೆ ಕಾಸು ಸೇರಿಸುತ್ತಾಳೆ. ನೆರೆಯವಳ ಗಂಟನ್ನು ನಂಬಿ ಹರಕೆ ಹೊರುವುದಿಲ್ಲ. ಆ ಆಚಾರದಲ್ಲಿರುವ ವಿವೇಕವನ್ನು ರಾಜ್ಯವೂ ಪಾಲಿಸಬೇಕೆನ್ನುವುದು ಅತ್ಯಾಶೆಯೆ? ಕಬ್ಬಾಳು ಸೇರಿದ ಈ ಜಿಲ್ಲೆಯು ರಾಜ್ಯಕ್ಕೆ ದೊಡ್ಡ ಮಾತುಗಳನ್ನು ಕೊಟ್ಟ ನಾಯಕರ ನೆಲ. 2018ರಲ್ಲಿ ರಾಮನಗರ, ಚನ್ನಪಟ್ಟಣಗಳೆರಡರಲ್ಲಿಯೂ ಗೆದ್ದು ಮುಖ್ಯಮಂತ್ರಿಗಳಾದ ಎಚ್. ಡಿ. ಕುಮಾರಸ್ವಾಮಿಯವರು 34,000 ಕೋಟಿಯ ಸಾಲಮನ್ನಾವನ್ನು ಘೋಷಿಸಿದರು. ಸಾಲಮನ್ನಾ ನೀತಿಯನ್ನು ನಾನು ಒಪ್ಪುವವನಲ್ಲ; ಕ್ರಮವಾಗಿ ಸಾಲ ತೀರಿಸಿದವನಿಗೆ ಅದು ಅನ್ಯಾಯ. ಆದರೂ ಅದೇ ಮುಂಗಡಪತ್ರದಲ್ಲಿ ಪೆಟ್ರೋಲು, ಡೀಸೆಲ್ಲುಗಳ ಮೇಲಿನ ತೆರಿಗೆಯನ್ನು ಏರಿಸಿ, ಹೊರೆಯ ಒಂದಂಶವನ್ನಾದರೂ ಬಹಿರಂಗವಾಗಿ ಜನರ ಮೇಲಿಟ್ಟದ್ದು ಪ್ರಾಮಾಣಿಕ ನಡೆ. 2023ರಲ್ಲಿ ಕನಕಪುರದ ಶಾಸಕ ಡಿ. ಕೆ. ಶಿವಕುಮಾರ್ ಮತ್ತು ಸಿದ್ದರಾಮಯ್ಯ ಇಬ್ಬರ ಸಹಿಯುಳ್ಳ ಗ್ಯಾರಂಟಿ ಕಾರ್ಡು ಮನೆಮನೆಗೆ ಬಂದಿತು. ಮಾತು ಕೊಟ್ಟು ಅಧಿಕಾರಕ್ಕೆ ಬಂದ ಮೇಲೆ ಅದನ್ನು ಜಾರಿಗೆ ತಂದದ್ದು ಮೆಚ್ಚತಕ್ಕದ್ದೇ. ಆ ಕಾರ್ಡಿನಲ್ಲಿ ಪಡೆಯುವುದರ ಪಟ್ಟಿಯಿತ್ತು. ತೆರುವವರಾರೆಂಬ ವಿವರ ಇರಲಿಲ್ಲ.

ಉಪಕಾರವನ್ನು ನಿಲ್ಲಿಸಬೇಕೆಂಬುದು ನನ್ನ ವಾದವಲ್ಲ. ಬಡವರಿಗೆ ನೆರವಾಗದ ರಾಜ್ಯ ರಾಜ್ಯವೇ ಅಲ್ಲ. ಆದರೆ ನೆರವು ಬಾಳಬೇಕಾದರೆ ಅದರ ಬೆನ್ನಿಗೆ ವರಮಾನವಿರಬೇಕು, ಉಳ್ಳವರಿಗೂ ಇಲ್ಲದವರಿಗೂ ಒಂದೇ ಸಮನಾಗಿ ಹಂಚದೆ ಅಗತ್ಯವನ್ನು ನೋಡುವ ವಿವೇಚನೆಯಿರಬೇಕು. ಅಧಿನಿಯಮವನ್ನು ತಿದ್ದುವುದಾದರೆ, ಸರ್ಕಾರದ ಅಧೀನದಲ್ಲಿಲ್ಲದೆ ಸದನಕ್ಕೆ ನೇರವಾಗಿ ವರದಿಮಾಡುವ ವಿತ್ತೀಯ ಮಂಡಳಿಯೊಂದನ್ನು ಅದು ಸ್ಥಾಪಿಸಲಿ. ಇತರ ಅಸಾಧಾರಣ ಕಾರಣಗಳೆಂಬ ಆ ಕಿಂಡಿಯನ್ನು ಸದನದ ನಿರ್ಣಯವಿಲ್ಲದೆ ತೆರೆಯಲಾಗದಂತೆ ಮುಚ್ಚಲಿ. ಗುತ್ತಿಗೆದಾರ, ಹಾಲು ಉತ್ಪಾದಕ, ಸಾರಿಗೆ ನೌಕರ, ಫಲಾನುಭವಿ ಇವರಿಗೆಲ್ಲ ಸರ್ಕಾರ ಕೊಡಬೇಕಾಗಿ ಉಳಿದಿರುವ ಬಾಕಿಯ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಪ್ರಕಟಿಸಿ, ತಾಲ್ಲೂಕುವಾರು ಅಂಕಿಗಳನ್ನು ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಅಂಟಿಸುವುದನ್ನು ಕಡ್ಡಾಯಗೊಳಿಸಲಿ. ಮೂರರಲ್ಲಿ ಕೊನೆಯದು ಅತ್ಯಲ್ಪ ವೆಚ್ಚದ್ದು, ಆದರೆ ಪರಿಣಾಮದಲ್ಲಿ ಅತ್ಯಧಿಕವಾದುದು.

ಕಬ್ಬಾಳಿನ, ಸಾತನೂರಿನ, ಈ ಸೀಮೆಯ ಎಲ್ಲ ತಾಲ್ಲೂಕುಗಳ ಓದುಗರಲ್ಲಿ ನನ್ನ ಬಿನ್ನಹವಿಷ್ಟು. ಪ್ರಣಾಳಿಕೆಯಲ್ಲಿ ಕೊಡುವ ಭರವಸೆಗಳಿಗೆ ಹಣವನ್ನು ಒದಗಿಸುವ ಮಾರ್ಗವನ್ನು ಸ್ಥೂಲವಾಗಿಯಾದರೂ ಸೂಚಿಸಬೇಕೆಂದು ಚುನಾವಣಾ ಆಯೋಗದ ಮಾದರಿ ನೀತಿಸಂಹಿತೆಯೇ ಹೇಳುತ್ತದೆ. 2013ರ ಸುಪ್ರೀಂ ಕೋರ್ಟಿನ ತೀರ್ಪೊಂದರ ಫಲವಾಗಿ ಆ ಮಾತು ಅದರೊಳಗೆ ಸೇರಿತು. ಅದನ್ನು ಪಾಲಿಸುವಂತೆ ಮಾಡುವ ಶಕ್ತಿ ಇರುವುದು ಮತದಾರನಲ್ಲಿ. 2028ರಲ್ಲಿ ಯಾವ ಪಕ್ಷದವರೇ ನಿಮ್ಮ ಜಗಲಿಗೆ ಬಂದು ಕಾರ್ಡನ್ನು ಮುಂದೊಡ್ಡಲಿ, ಅದರ ಹಿಂಬದಿಯನ್ನು ತಿರುಗಿಸಿ ನೋಡಿ; ವರ್ಷಕ್ಕೆ ತಗಲುವ ವೆಚ್ಚವೆಷ್ಟು, ಅದು ತೆರಿಗೆಯಿಂದಲೋ ಸಾಲದಿಂದಲೋ, ಅದಕ್ಕಾಗಿ ಯಾವ ಕಾಮಗಾರಿ ನಿಲ್ಲುತ್ತದೆ ಎಂಬುದು ಅಲ್ಲಿ ಬರೆದಿಲ್ಲದಿದ್ದರೆ, ಬರೆದು ತರುವಂತೆ ಹೇಳಿ ಕಳುಹಿಸಿ.